ಬಾಗಿಲು ಬಡಿಯಬೇಡಿ

"ಅಪ್ಪ, ಬಂತು."

ಅವನು ಹೆಂಡತಿಯ ತಲೆಯ ಕಡೆ ಬಗ್ಗಿ ಬಿಳಿ ಹೊದಿಕೆಯ ಅಂಚನ್ನು ಒಳಕ್ಕೆ ಮಡಿಸುತ್ತಿದ್ದ. ಎತ್ತುವವರು ನಾಲ್ಕು ಮೂಲೆಗೆ ಬಂದು ನಿಂತಾಗಿತ್ತು. ಗೇಟಿನಾಚೆ ವ್ಯಾನು ಎಂಜಿನ್ ಆರಿಸದೆ ಗುರುಗುಟ್ಟುತ್ತಿತ್ತು. ಹಿಂದಿನಿಂದ ಅಂಗಿ ಜಗ್ಗಿದವಳು ಮಗಳು.

"ಏನು ಬಂತು ಪುಟ್ಟಿ?"

"ಪೀರಿಯಡ್ಸ್."

ಹದಿನಾರರ ಹುಡುಗಿ. ಬುದ್ಧಿಯ ಬೆಳವಣಿಗೆ ನಿಧಾನ ಎಂದು ಡಾಕ್ಟರುಗಳು ಹೇಳಿದ್ದರು. ದನಿಗೆ ಮಾತ್ರ ಅಂಥ ಯಾವ ತೊಂದರೆಯೂ ಇರಲಿಲ್ಲ. ಹಜಾರದ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತವರಿಗೆ, ಮೆಟ್ಟಿಲ ಮೇಲೆ ನಿಂತು ಫೋನು ನೋಡುತ್ತಿದ್ದವರಿಗೆ, ಎಲ್ಲರಿಗೂ ಕೇಳಿಸಿತು. ಕೆಲವರು ಕೆಮ್ಮಿದರು. ಒಬ್ಬರಿಗೆ ಆಗಲೇ ಚಪ್ಪಲಿಯ ಬಾರು ಬಿಗಿಮಾಡಿಕೊಳ್ಳುವ ನೆನಪಾಯಿತು.

ಹೇಳುವುದು ತನ್ನ ಕೆಲಸ, ಹೇಳಿದ್ದಾಯಿತು ಎಂಬಂತೆ ಪುಟ್ಟಿ ಬೀರುವಿನ ಕೆಳಗಿನ ಅರೆಯಿಂದ ಒಂದು ಪ್ಯಾಡು, ಒಗೆದ ಬಟ್ಟೆ, ಹಳೆ ಪೇಪರಿನ ಹಾಳೆ ತೆಗೆದುಕೊಂಡಳು. ಅವಸರವಿಲ್ಲದೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು.

ಹೆಂಡತಿಯ ಅಣ್ಣ, ಅವನ ಭಾವ, ಮೊಣಕೈ ಹಿಡಿದು ಅವನನ್ನು ಗೋಡೆಯ ಪಕ್ಕಕ್ಕೆ ಕರೆದೊಯ್ದ. ಬೆಳಗ್ಗೆಯಿಂದ ಹೇಳುತ್ತಿದ್ದುದನ್ನೇ ಮತ್ತೆ ಹೇಳಿದ. ಬೆಳೆದ ಹುಡುಗಿಯನ್ನು ಗಂಡಸೊಬ್ಬ ನಿಭಾಯಿಸುವುದು ಆಗದ ಮಾತು. ಊರಾಚೆ ಇಂಥ ಮಕ್ಕಳಿಗೆಂದೇ ಒಂದು ವಸತಿಗೃಹವಿದೆ, ಆದರೆ ಗರ್ಭಕೋಶ ತೆಗೆಸಿದ ಹುಡುಗಿಯರನ್ನು ಮಾತ್ರ ಸೇರಿಸಿಕೊಳ್ಳುತ್ತಾರೆ. ಡಾಕ್ಟರ ಹತ್ತಿರ ಮಾತಾಡಿ ಆಗಿದೆ, ಮುಂದಿನ ವಾರವೇ ಆಪರೇಷನ್. ತಂದೆಯಾದವನು ಹೂಂ ಅಂದರೆ ಸಾಕು, ಮಿಕ್ಕಿದ್ದು ತನ್ನ ತಲೆಗಿರಲಿ.

"ನೋಡಿದೆಯಲ್ಲಪ್ಪ, ತಾಯಿ ಹೆಣದ ಮುಂದೆ," ಅಂದ ಭಾವ. "ಇನ್ನೂ ಏನು ನೋಡಬೇಕು ನೀನು?"

ಅವನು ಲಿಫ್ಟ್ ಮೆಕ್ಯಾನಿಕ್. ಒಳಗೆ ಸಿಕ್ಕಿಕೊಂಡವರನ್ನು ಈಚೆ ತರುವುದು ಗೊತ್ತು, ವಾದ ಗೊತ್ತಿಲ್ಲ. ಈ ಮನೆಯಲ್ಲಿ ವಾದದ ಖಾತೆ ಪೂರ್ತಿ ಹೆಂಡತಿಯದಾಗಿತ್ತು. ನಿನ್ನೆ ಕಚೇರಿಯಲ್ಲಿ ಕೂತಲ್ಲೇ ಕುಸಿದವಳು ಆ ಖಾತೆಯನ್ನು ಯಾರಿಗೂ ಒಪ್ಪಿಸದೆ ಹೋಗಿಬಿಟ್ಟಿದ್ದಳು. ನಿದ್ದೆಯಿಲ್ಲದ ಕಣ್ಣು ಉರಿಯುತ್ತಿತ್ತು. ಹೂಂ ಅಂದರೆ ಮುಗಿಯುತ್ತದೆ ಅನ್ನಿಸಿತು. ನಾಲಿಗೆಯ ತುದಿಯವರೆಗೂ ಬಂದಿತ್ತು.

*

ನೀರು ಸರಬರಾಜು ಕಚೇರಿಯ ದೂರಿನ ಕೌಂಟರಿನಲ್ಲಿ ಅವಳು ಮದುವೆಗೆ ಮುಂಚಿನಿಂದ ಕೂತಿದ್ದಳು. ನೀರು ಬರದವರು, ಕೆಸರು ಬಂದವರು, ಪಕ್ಕದ ಮನೆಗೆ ಮಾತ್ರ ಬಂತೆಂದು ಹೊಟ್ಟೆ ಉರಿದವರು, ಎಲ್ಲರೂ ಗಾಜಿನಾಚೆಯಿಂದ ಅವಳ ಮೇಲೇ ಹರಿಹಾಯುತ್ತಿದ್ದರು. ಅವಳು ದನಿ ಏರಿಸುತ್ತಿರಲಿಲ್ಲ, ಕುರ್ಚಿಯಿಂದ ಏಳುತ್ತಲೂ ಇರಲಿಲ್ಲ. ದೊಡ್ಡ ಗಂಟಲಿನವನಿಗೂ ಕೊನೆಗೆ ಆಯಾಸವಾಗಿ, ಸರಿ ಮೇಡಂ, ಯಾವಾಗ ಬರಲಿ ಎಂದು ಕೇಳುತ್ತಿದ್ದ.

ಪುಟ್ಟಿಗೆ ಹದಿಮೂರಕ್ಕೆ ಶುರುವಾದಾಗ ಡಾಕ್ಟರ ಹತ್ತಿರ ಕರೆದೊಯ್ದವನೂ ಭಾವನೇ. ಡಾಕ್ಟರು ಕೆಟ್ಟವರಲ್ಲ. ಗೋಡೆಯ ಮೇಲಿನ ಚಿತ್ರಕ್ಕೆ ಪೆನ್ನು ತಾಗಿಸಿ, ಇದೊಂದು ತೆಗೆದುಬಿಟ್ಟರೆ ಹುಡುಗಿಗೂ ಆರಾಮ, ನಿಮಗೂ ಆರಾಮ, ನಾಳೆ ಯಾರಾದರೂ ಏನಾದರೂ ಮಾಡಿದರೆ ಅನ್ನೋ ಭಯವೂ ಇರಲ್ಲ ಅಂದರು. ಪುಟ್ಟಿ ಅವರ ಮೇಜಿನ ಮೇಲೆ ಪೇಪರ್‌ವೇಟು ಉರುಳಿಸುತ್ತಿದ್ದಳು.

"ಯಾರಾದ್ರೂ ಏನಾದ್ರೂ ಮಾಡೋದು ಇದರಿಂದ ನಿಲ್ಲುತ್ತಾ ಡಾಕ್ಟ್ರೇ?" ಅಂದಳು ತಾಯಿ. "ಗೊತ್ತಾಗೋದು ನಿಲ್ಲುತ್ತೆ, ಅಷ್ಟೇ. ಮೊದಲು ಅವಳನ್ನ ಕೇಳಿ."

"ಅವಳಿಗೇನು ಗೊತ್ತಾಗುತ್ತಮ್ಮ?"

"ಗೊತ್ತಾಗೋ ಹಾಗೆ ಹೇಳಿ. ಜನರನ್ನ ಕಾಯಿಸೋದು ನನ್ನ ಕೆಲಸ, ಇವತ್ತು ನಾನೇ ಕಾಯ್ತೀನಿ."

ಡಾಕ್ಟರು ಗಡಿಯಾರ ನೋಡಿದರು. ಅವಳು ಪೇಪರ್‌ವೇಟನ್ನು ಅದರ ಜಾಗದಲ್ಲಿಟ್ಟು ಮಗಳ ಕೈ ಹಿಡಿದು ಎದ್ದಳು. ಕಾರಿಡಾರಿನಲ್ಲಿ ಭಾವ ಕೆಂಡವಾಗಿದ್ದ, ಎಲ್ಲರೆದುರು ನನ್ನ ಮರ್ಯಾದೆ ತೆಗೆದೆ ಅಂದ.

"ನಿನ್ನ ಮರ್ಯಾದೇನ ಅವಳ ಹೊಟ್ಟೇಲಿ ಯಾಕಣ್ಣ ಇಟ್ಟಿದ್ದೆ?"

ಅಣ್ಣ ತಂಗಿ ಆಮೇಲೆ ಒಂದು ವರ್ಷ ಮಾತು ಬಿಟ್ಟರು.

ಅವಳು ಆಸ್ಪತ್ರೆ ಆಸ್ಪತ್ರೆ ಅಲೆದು, ಕೊನೆಗೆ ಸರ್ಕಾರಿ ಆಸ್ಪತ್ರೆಯ ಕಣ್ಣಿನ ವಿಭಾಗದ ಹಿಂದೆ ವಾರಕ್ಕೊಂದು ಮಧ್ಯಾಹ್ನ ತೆರೆಯುವ ಕೋಣೆಯೊಂದನ್ನು ಪತ್ತೆ ಮಾಡಿದಳು. ಚಿಕ್ಕ ಮಕ್ಕಳೂ ಅಲ್ಲದ, ದೊಡ್ಡವರೂ ಆಗದ ಹುಡುಗ ಹುಡುಗಿಯರಿಗೆಂದೇ ಇದ್ದ ಕೋಣೆ. ಅಲ್ಲಿನ ನರ್ಸು ಮೊದಲು ತಂದೆತಾಯಿಯನ್ನು ಹೊರಗೆ ಕೂರಿಸಿ, ಪುಟ್ಟಿಯನ್ನೇ ಕೇಳಿದಳು: ಎಲ್ಲಿ ನೋವು, ಯಾವಾಗ ನೋವು, ನಿನಗೆ ಏನು ಇಷ್ಟವಿಲ್ಲ. ಅವನು ಬೆಂಚಿನ ಮೇಲೆ ಕೂತು ಹೆಂಡತಿಯ ಮುಖ ನೋಡಿದ. ಜಗಳಕ್ಕೆ ನಿಲ್ಲುತ್ತಾಳೆ ಅಂದುಕೊಂಡಿದ್ದ. ಅವಳು ನಗುತ್ತಿದ್ದಳು. "ನನ್ನನ್ನೂ ಆಚೆ ಹಾಕಿದ್ಳು ನೋಡಿ," ಅಂದಳು, ಬಹುಮಾನ ಬಂದವಳ ಹಾಗೆ.

ಆಮೇಲೆ ಮನೆಯಲ್ಲಿ ಪಾಠ ಶುರುವಾಯಿತು. ಪ್ಯಾಡಿನ ಮೇಲೆ ಕೆಂಪು ಇಂಕು ಸುರಿದು ಕಲಿಸುತ್ತಿದ್ದಳು, ತನ್ನ ದಿನಗಳಲ್ಲಿ ಮುಚ್ಚುಮರೆಯಿಲ್ಲದೆ ತೋರಿಸಿಯೂ ಕಲಿಸುತ್ತಿದ್ದಳು. ಅಷ್ಟು ಹೊತ್ತು ಅವನು ಮನೆಯಲ್ಲಿರುವ ಹಾಗಿರಲಿಲ್ಲ. ಹೋಗಿ ಹಾಲು ತನ್ನಿ ಎಂದು ಕಳಿಸುತ್ತಿದ್ದಳು. ಆ ವರ್ಷ ಫ್ರಿಜ್ಜಿನಲ್ಲಿ ಹಾಲಿಡಲು ಜಾಗವಿರಲಿಲ್ಲ. ಪಾಠದ ಬಗ್ಗೆ ಅವನಿಗೆ ತಿಳಿದಿದ್ದು ಹಾಲೊಂದೇ.

*

ಬಚ್ಚಲ ಬಾಗಿಲಲ್ಲಿ ಧಡಧಡ ಸದ್ದಾಯಿತು. ಭಾವನ ಹೆಂಡತಿ ಅಂಗೈಯಿಂದ ಬಡಿಯುತ್ತಿದ್ದಳು.

"ಬೇಗ ಬಾರೇ, ಎಲ್ಲರೂ ಕಾಯ್ತಿದಾರೆ. ಬಾಗಿಲು ತೆಗಿ, ನಾನು ಮಾಡಿಕೊಡ್ತೀನಿ."

ಒಳಗೆ ಬೀಳುತ್ತಿದ್ದ ನೀರು ನಿಂತಿತು. ಆಮೇಲೆ ನಲ್ಲಿ ಮತ್ತೆ ಬಿಟ್ಟ ಸದ್ದು, ಸೋಪಿನ ಡಬ್ಬಿಯ ಸದ್ದು. ಭಾವನ ಹೆಂಡತಿ ಮತ್ತೆ ಬಡಿದಳು. ನೀರು ಮತ್ತೆ ನಿಂತಿತು. ಮತ್ತೆ ನಲ್ಲಿ, ಮತ್ತೆ ಸೋಪು.

ಚಿತಾಗಾರದ ಸರದಿ ತಪ್ಪಿದರೆ ಸಂಜೆಯವರೆಗೆ ಕಾಯಬೇಕೆಂದು ಭಾವ ಗೊಣಗಿದ. ವ್ಯಾನಿನವನು ಒಮ್ಮೆ ಹಾರನ್ ಮಾಡಿದ. ಬಚ್ಚಲಲ್ಲಿ ನೀರು ನಿಂತಿತು.

"ಬಡೀಬೇಡಿ," ಅಂದಳು ಮೂಲೆಯ ಕುರ್ಚಿಯಲ್ಲಿದ್ದ ಹೆಂಗಸು. ಕಚೇರಿಯಲ್ಲಿ ಪಕ್ಕದ ಕೌಂಟರಿನವಳು, ಅಷ್ಟೂ ವರ್ಷ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡವಳು. "ನೀವು ಬಡಿದಷ್ಟು ಸಲ ಅವಳು ಮೊದಲಿಂದ ಶುರು ಮಾಡ್ತಾಳೆ. ಕೈ ತೊಳ್ಕೊಳ್ಳೋದರಿಂದ. ಒಂದಾದ ಮೇಲೊಂದು ಅಂತ ಕಲಿಸಿದಾಳೆ ಅವರಮ್ಮ, ನಡುವೆ ಯಾರಾದ್ರೂ ತಡೆದರೆ ಎಲ್ಲಾ ಹೊಸದಾಗಿ."

ಅಷ್ಟು ಹೊತ್ತೂ ತಾಯಿ ಏನು ಮಾಡುತ್ತಿದ್ದಳೆಂದು ಅವನು ಕೇಳಿದ.

"ಬಾಗಿಲಿಗೆ ಬೆನ್ನು ಹಾಕಿ ನಿಲ್ಲೋಳಂತೆ. ಸುಮ್ನೆ. ಇಡೀ ದಿನದಲ್ಲಿ ಅವಳ ಬಾಯಿ ಮುಚ್ಚಿರ್ತಿದ್ದದ್ದು ಅದೊಂದೇ ಹೊತ್ತು ಅಂತ ಕಾಣುತ್ತೆ."

ಕಚೇರಿಯಿಂದ ಬಂದವರು ಯಾರೋ ಕಿಸಕ್ಕನೆ ನಕ್ಕರು, ನಕ್ಕದ್ದಕ್ಕೆ ಕಣ್ಣೊರೆಸಿಕೊಂಡರು. ಅವನಿಗೆ ಒಂದು ಸಂಜೆ ಕಣ್ಣಿಗೆ ಕಟ್ಟಿತು. ಹಾಲಿನ ಪ್ಯಾಕೆಟ್ ಹಿಡಿದು ಒಳಗೆ ಬಂದಾಗ ಹೆಂಡತಿ ಬಚ್ಚಲ ಬಾಗಿಲಿಗೆ ಬೆನ್ನು ಕೊಟ್ಟು ತುಟಿ ಬಿಗಿದು ನಿಂತಿದ್ದಳು. ತಾಯಿ ಮಗಳಿಗೆ ಜಗಳವೆಂದು ಬಗೆದು ಅವನು ಇನ್ನೊಂದು ಪ್ಯಾಕೆಟ್ ಹಾಲು ತರಲು ಹೋಗಿದ್ದ.

ಅವನು ಹೋಗಿ ಬಾಗಿಲಿಗೂ ಭಾವನ ಹೆಂಡತಿಗೂ ನಡುವೆ ನಿಂತ.

"ಅಕ್ಕ, ಕೈ ತೆಗೀರಿ."

ಕೈ ಇಳಿಯಿತು. ಅವನು ತಿರುಗಿ, ಬಾಗಿಲಿಗೆ ಬೆನ್ನು ಹಾಕಿ, ಹಜಾರದ ಕಡೆ ಮುಖ ಮಾಡಿದ. ಇಡೀ ಬಳಗ ಎದುರಿಗಿತ್ತು, ಅವರ ಮಧ್ಯೆ ಬಿಳಿ ಹೊದಿಕೆಯೊಳಗೆ ಅವಳಿದ್ದಳು.

"ಸರದಿ ತಪ್ಪುತ್ತಪ್ಪ," ಅಂದ ಭಾವ.

"ಸಂಜೆ ಹೋಗೋಣ."

"ಹುಚ್ಚಾ ನಿನಗೆ? ಇವತ್ತು ಸರಿ, ಇನ್ನೊಂದು ತಿಂಗಳಿಗೆ ಯಾರು ನೋಡ್ತಾರೆ ಇದನ್ನ?"

"ಅವಳೇ ನೋಡ್ಕೊಳ್ತಿದಾಳಲ್ಲ. ನಾನು ಇಲ್ಲಿ ನಿಂತಿರ್ತೀನಿ."

"ಗಂಡಸು ನೀನು."

"ಬೆನ್ನು ಹಾಕಿ ನಿಲ್ಲೋಕೆ ಗಂಡಸಾದ್ರೇನು ಭಾವ?" ಅವನು ಬೆನ್ನನ್ನು ಬಾಗಿಲಿಗೆ ಇನ್ನಷ್ಟು ಒತ್ತಿದ. "ಆಪರೇಷನ್ ಇಲ್ಲ. ವಸತಿಗೃಹ ಇಲ್ಲ. ಡಾಕ್ಟರಿಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?"

ಭಾವ ಬಾಯಿ ತೆರೆದ. ಅವನು ತುಟಿಯ ಮೇಲೆ ಬೆರಳಿಟ್ಟ. ಆಮೇಲೆ ಮುಂಬಾಗಿಲ ಬಳಿ ನಿಂತಿದ್ದವರಿಗೆ ಎಂಜಿನ್ ಆರಿಸಲು ಹೇಳಿ ಎಂದು ಸನ್ನೆ ಮಾಡಿದ. ಭಾವ ಸರಸರನೆ ಹೊರಗೆ ಹೋದ. ಸ್ವಲ್ಪದರಲ್ಲೇ ಗುರುಗುಟ್ಟುವುದು ನಿಂತಿತು.

ಸಾವಿನ ಮನೆಯಲ್ಲಿ ಬೆಳಗ್ಗೆಯಿಂದ ಇಷ್ಟು ಮೌನ ಇರಲಿಲ್ಲ. ಯಾರ ಕುರ್ಚಿಯೂ ಕಿರುಗುಟ್ಟಲಿಲ್ಲ. ಒಳಗಿನ ಒಂದೊಂದು ಸದ್ದೂ ಎಲ್ಲರಿಗೂ ಕೇಳಿಸುತ್ತಿತ್ತು: ಸೋಪು, ನೀರು, ಅಂಟು ಕಿತ್ತ ಚರ್ರೆನ್ನುವ ಸದ್ದು, ಬಕೆಟ್ಟಿನಲ್ಲಿ ಬಟ್ಟೆ ಹಿಂಡಿದ್ದು, ಪೇಪರ್ ಮಡಿಸಿದ್ದು. ತಲೆ ತಗ್ಗಿಸಿದ್ದವರೂ ಒಬ್ಬೊಬ್ಬರಾಗಿ ತಲೆ ಎತ್ತಿದರು, ಎಷ್ಟು ಹೊತ್ತೆಂದು ನೆಲ ನೋಡಲಾಗುತ್ತದೆ.

ಚಿಲಕ ತೆಗೆಯಿತು. ಪುಟ್ಟಿ ಬೇರೆ ಬಟ್ಟೆ ತೊಟ್ಟು ಹೊರಗೆ ಬಂದಳು. ಕೈಯಲ್ಲಿ ಪೇಪರಿನ ಪೊಟ್ಟಣ. ಅದನ್ನು ಮರೆಮಾಡಲು ಅವಳಿಗೆ ಯಾರೂ ಕಲಿಸಿರಲಿಲ್ಲ. ಎದೆಯ ಮುಂದೆ ಎರಡೂ ಕೈಯಲ್ಲಿ ಹಿಡಿದು ಹಜಾರದ ನಡುವೆ ನಡೆದಳು. ಜನ ಸರಿದು ದಾರಿ ಬಿಟ್ಟರು. ತಾಯಿಯ ಪಕ್ಕ ಒಂದು ಕ್ಷಣ ನಿಂತಳು.

"ಆಯ್ತಮ್ಮ," ಅಂದಳು. "ಹಾಕಿ ಬರ್ತೀನಿ."

ಉತ್ತರಕ್ಕೆ ಕಾಯಲಿಲ್ಲ. ಗೇಟಿನಲ್ಲಿ ಭಾವ ಅಡ್ಡ ನಿಂತಿದ್ದ. ಪುಟ್ಟಿಯೂ ನಿಂತಳು. ಪೊಟ್ಟಣವನ್ನೊಮ್ಮೆ, ಅವನ ಮುಖವನ್ನೊಮ್ಮೆ ನೋಡಿದಳು.

"ಮಾವ, ದಾರಿ."

ಒಳಗಿನಿಂದ ಅಪ್ಪ ನೋಡುತ್ತಿದ್ದ. ಸಹಾಯಕ್ಕೆ ಹೋಗಲಿಲ್ಲ. ಭಾವ ಪಕ್ಕಕ್ಕೆ ಸರಿದ, ಅರ್ಧ ತೆರೆದಿದ್ದ ಗೇಟನ್ನು ಪೂರ್ತಿ ಎಳೆದು ಹಿಡಿದ. ರಸ್ತೆಯಂಚಿನ ಕಸದ ಡಬ್ಬಿಯ ಮುಚ್ಚಳ ಎದ್ದು ಬಿತ್ತು.

ಸರದಿ ಇನ್ನೂ ಸಿಗಬಹುದೆಂದು ಯಾರೋ ಪಿಸುಗುಟ್ಟಿದರು. ನಾಲ್ವರೂ ಬಗ್ಗಿ ಎತ್ತಿದರು. ಹೊಸ್ತಿಲ ಹತ್ತಿರ ಬರುವಾಗ ಪುಟ್ಟಿ ಎದುರಿನಿಂದ ಬಂದಳು. ಅವರನ್ನು ಬಳಸಿಕೊಂಡು ನೇರ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಕೈ ತೊಳೆಯುವುದು ಬಾಕಿ ಇತ್ತು.

ಅವನು ಹೋಗಿ ಬಾಗಿಲಿಗೆ ಬೆನ್ನು ಹಾಕಿ ನಿಂತು ಅಂಗೈ ಎತ್ತಿದ. ನಾಲ್ವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಣಕಾಲು ಬಗ್ಗಿಸಿ, ಸದ್ದಾಗದ ಹಾಗೆ, ಅವಳನ್ನು ಮತ್ತೆ ನೆಲಕ್ಕಿಳಿಸಿದರು.