ಖರ್ಜೂರದ ಕಾರ್ಖಾನೆಯ ಲಿನಕ್ಸ್

ನಾನು ಭೂಗೋಳದಲ್ಲಿ ಎಂ.ಎ. ಮಾಡಿದವಳು. ರಾಜಧಾನಿ ಟ್ಯುನಿಸ್‌ನಲ್ಲಿ ಓದು ಮುಗಿಸಿ ಮರುಭೂಮಿಯ ಅಂಚಿನ ನಮ್ಮೂರು ಕೆಬಿಲಿಗೆ ವಾಪಸು ಬಂದೆ. ಶಾಲೆಯ ಕೆಲಸಕ್ಕೆಂದು ಪರೀಕ್ಷೆಯ ಮೇಲೆ ಪರೀಕ್ಷೆ ಬರೆದೆ, ಗವರ್ನರ್ ಕಚೇರಿಯ ಮುಂದೆ ನನ್ನಂಥವರ ಜೊತೆ ಧರಣಿ ಕೂತೆ, ಕೊನೆಗೆ ಸೀ ಲಝರ್, ಅಂದರೆ ಲಝರ್ ಸಾಹೇಬರ ಖರ್ಜೂರದ ಕಾರ್ಖಾನೆಯಲ್ಲಿ ಹಣ್ಣು ಆರಿಸುವ ಬೆಲ್ಟಿನ ಪಕ್ಕ ನಿಂತೆ. ಬಿಳಿ ಟೋಪಿ, ಬಿಳಿ ಕೋಟು, ಎದುರಿಗೆ ಹರಿದು ಬರುವ ಹಣ್ಣು. ಹುಳ ಬಿದ್ದದ್ದು ಒಂದು ಬುಟ್ಟಿಗೆ, ಒಣಗಿದ್ದು ಇನ್ನೊಂದಕ್ಕೆ, ಗೊಂಚಲಿನಲ್ಲೇ ಉಳಿದ ಹೊಳೆಯುವ ದೆಗ್ಲತ್ ನೂರ್ ಜಾತಿಯ ಹಣ್ಣು ಯುರೋಪಿಗೆ. ಪಕ್ಕದ ಹೆಂಗಸರು ಮೊದಮೊದಲು ನನ್ನನ್ನು 'ಪ್ರೊಫೆಸರಮ್ಮ' ಎಂದು ರೇಗಿಸುತ್ತಿದ್ದರು. ಆಮೇಲೆ ಪಾಪ ಎನ್ನಿಸಿ ಬಿಟ್ಟುಬಿಟ್ಟರು. ರೇಗಿಸಿದ್ದಕ್ಕಿಂತ ಆ ಕನಿಕರಕ್ಕೇ ನನಗೆ ಹೆಚ್ಚು ಉರಿಯುತ್ತಿತ್ತು.

ನೆಜಿಯಾ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಕಲಿತವಳು. ಅವಳು ಕಂಪ್ಯೂಟರು ಓದಿದಳು. ಊರಿನ ಮಹಿಳಾ ಸಂಘಕ್ಕೆ ಫ್ರಾನ್ಸಿನ ಯಾವುದೋ ಶಾಲೆಯವರು ಬೇಡವೆಂದು ಬಿಟ್ಟ ಕಂಪ್ಯೂಟರುಗಳು ಬಂದಾಗ, ಅವುಗಳಲ್ಲಿ ಏನೂ ಇರಲಿಲ್ಲ, ಬರೀ ಡಬ್ಬಗಳು. ನೆಜಿಯಾ ಒಂದೊಂದಕ್ಕೂ ಕಂಪ್ಯೂಟರು ನಡೆಸುವ ಲಿನಕ್ಸ್ ಎಂಬ ತಂತ್ರಾಂಶ ಹಾಕಿದಳು. ವ್ಯಾಪಾರದ ಲೆಕ್ಕ, ದಾಸ್ತಾನು, ಬಿಲ್ಲು, ರಫ್ತಿನ ಕಾಗದ, ಇವನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡುವುದನ್ನು ಕಲಿಸುತ್ತೇನೆಂದು ಸಂಘದ ಬಾಗಿಲಿಗೆ ಚೀಟಿ ಅಂಟಿಸಿದಳು. ನಮ್ಮ ಬೆಲ್ಟಿನಿಂದ ನಾವು ಎಂಟು ಮಂದಿ ಸೇರಿದೆವು. ನಮ್ಮಲ್ಲಿ ಹಿರಿಯಳು ಖಾಲ್ತಿ ಮಬರ್ಕಾ. ಎಲ್ಲರಿಗೂ ಚಿಕ್ಕಮ್ಮನಂತಿದ್ದವಳು, ಬೈಯುವುದರಲ್ಲೂ ಬಡಿಸುವುದರಲ್ಲೂ ಕೈ ಬಿಗಿ ಮಾಡದವಳು.

ಮೊದಲ ದಿನವೇ ಅವಳು ಪರದೆ ನೋಡಿ ಮುಖ ಸಿಂಡರಿಸಿದಳು. "ಇದೇನೇ ಹುಡುಗಿ, ನನ್ನ ಅಳಿಯನ ಕಂಪ್ಯೂಟರು ಹೀಗಿಲ್ಲ. ಇದು ಬಿಟ್ಟಿ ಸಿಕ್ಕಿದ್ದು, ಅಲ್ವಾ?"

"ಬಿಟ್ಟಿ ಅಲ್ಲ ಖಾಲ್ತಿ, ಬಿಡುಗಡೆ ಆಗಿರೋದು" ಎಂದಳು ನೆಜಿಯಾ. "ಯಾರು ಬೇಕಾದ್ರೂ ಬಿಚ್ಚಿ ನೋಡ್ಬಹುದು, ತಿದ್ದಬಹುದು, ಇನ್ನೊಬ್ರಿಗೆ ಕೊಡ್ಬಹುದು. ಆದ್ರೆ ಪಡ್ಕೊಂಡೋನು ತನ್ನದು ಅಂತ ಬೀಗ ಹಾಕೋ ಹಾಗಿಲ್ಲ."

"ಬಿಟ್ಟಿ ಅಂದ್ರೆ ಬಿಟ್ಟಿನೇ ಬಿಡು" ಎಂದು ಖಾಲ್ತಿ ಮಬರ್ಕಾ ಇಲಿ ಹಿಡಿದಂತೆ ಮೌಸ್ ಹಿಡಿದಳು.

ನನಗೆ ಆ ಪಾಠ ಹಿಡಿಸಿತು. ಎಷ್ಟೋ ಕಾಲದ ಮೇಲೆ ತಲೆಗೆ ಕೆಲಸ ಸಿಕ್ಕಿತ್ತು. ಅರಬ್ಬಿ ಮೆನುವಿನಲ್ಲಿ ತಪ್ಪು ಪದಗಳಿದ್ದವು. ನಾನು ಅವನ್ನು ತಿದ್ದಿದೆ, ನೆಜಿಯಾ ಆ ತಿದ್ದುಪಡಿಯನ್ನು ಲಿನಕ್ಸ್ ಮಾಡಿದವರಿಗೇ ಕಳಿಸಿದಳು. ಸಿರಿಯಾದಿಂದ ಯಾರೋ ಒಬ್ಬರು ಸಣ್ಣ ಉತ್ತರ ಬರೆದು ಒಪ್ಪಿಕೊಂಡರು. ಅವರ ಮುಖವನ್ನು ನಾನು ಇವತ್ತಿಗೂ ನೋಡಿಲ್ಲ.

ಸೀ ಲಝರ್ ಮೊದಲೇ ಹೇಳಿದ್ದರು: "ಕಂಪ್ಯೂಟರ್ ಕಲಿಯಮ್ಮಾ ತೆಬರ್, ಆಫೀಸಲ್ಲಿ ಜಾಗ ಖಾಲಿ ಆಗುತ್ತೆ, ನೋಡೋಣ." ಕಲಿತು ಅವರ ಮುಂದೆ ನಿಂತೆ. ಅಷ್ಟರಲ್ಲಿ ಆ ಕುರ್ಚಿಯಲ್ಲಿ ಅವರ ಅಣ್ಣನ ಮಗಳು ಇಬ್ತಿಹೆಲ್ ಕೂತಿದ್ದಳು. ಸೂಸ್ ನಗರದಲ್ಲಿ ಮ್ಯಾನೇಜ್‌ಮೆಂಟ್ ಓದಿ ಬಂದ ಹುಡುಗಿ. ನನ್ನನ್ನು ನೋಡಿ ತಲೆ ತಗ್ಗಿಸಿದಳು.

"ಏನು ಕಲ್ತೆ?" ಎಂದರು ಸೀ ಲಝರ್. ಹೇಳಿದೆ. ಅವರು ನಗಾಡಿದರು. "ಲಿನಕ್ಸಾ? ಕತ್ತೆ ಮೇಲೆ ಕೂತು ಲಾರಿ ಓಡ್ಸೋದು ಕಲ್ತೆ ಅನ್ನೋ ಹಾಗಿದೆ ನಿನ್ನ ಮಾತು. ಹೋಗು, ಬೆಲ್ಟ್ ಹತ್ರ ಜನ ಕಮ್ಮಿ ಇದಾರೆ."

ಬೆಲ್ಟಿನ ಹತ್ತಿರ ಹೋಗಲಿಲ್ಲ. ಬಿಳಿ ಕೋಟಿನಲ್ಲೇ ಸಂಘದ ಕೋಣೆಗೆ ನಡೆದೆ. ನೆಜಿಯಾ ಒಂದು ಕಂಪ್ಯೂಟರಿನ ಹೊಟ್ಟೆ ಬಿಚ್ಚಿ ಧೂಳು ಊದುತ್ತಿದ್ದಳು.

"ಬಡವರಿಗೆ ಬಡವರ ಕಂಪ್ಯೂಟರು ಕಲ್ಸಿದೀಯ" ಎಂದೆ. "ಊರಲ್ಲಿ ಯಾರೂ ಬಳಸದೇ ಇರೋದನ್ನ ಕಲ್ತು ಯಾರ ಮುಂದೆ ನಿಲ್ಲಲಿ? ನಿನಗೇನು, ನಿನಗೆ ಸಂಘದ ಸಂಬಳ ಇದೆ. ನಾವು ನಿನಗೆ ಆಟದ ಗೊಂಬೆಗಳಾ?"

ಅವಳ ಮುಖ ಕೆಂಪಾಯಿತು. "ನಾನು ಕಲ್ಸಿದ್ದು ಲೆಕ್ಕ ಕಣೇ, ದಾಸ್ತಾನು ಕಣೇ. ಅದು ಯಾವ ಪರದೆ ಮೇಲಾದ್ರೂ ಒಂದೇ. ಆ ಲಝರ್ ಆಫೀಸಲ್ಲಿ ಇರೋದೇನು ಗೊತ್ತಾ? ಸಂತೇಲಿ ಸಿಡಿ ತಗೊಂಡು ಹಾಕ್ಸಿರೋ ಕದ್ದ ಮಾಲು. ಕದ್ದಿದ್ದಕ್ಕೆ ಮರ್ಯಾದೆ, ಕೊಟ್ಟಿದ್ದಕ್ಕೆ ಕತ್ತೆ ಅನ್ನೋ ಹೆಸರು."

ನಾನು ಬಾಗಿಲನ್ನು ದಡಾರನೆ ಎಳೆದುಕೊಂಡು ಬಂದೆ. ಆಮೇಲೆ ಎಷ್ಟೋ ದಿನ ನಾವಿಬ್ಬರೂ ಮಾತಾಡಲಿಲ್ಲ.

ಕೊಯ್ಲಿನ ಭರಾಟೆಯಲ್ಲಿ ಆ ಕದ್ದ ಮಾಲು ಕೈಕೊಟ್ಟಿತು. ಒಂದು ಬೆಳಗ್ಗೆ ಕಾರ್ಖಾನೆಯ ಎಲ್ಲ ಕಂಪ್ಯೂಟರುಗಳ ಮೇಲೂ ಒಂದೇ ಕೆಂಪು ಪರದೆ. ಎಲ್ಲ ಫೈಲುಗಳಿಗೂ ಬೀಗ ಹಾಕಿದ್ದೇವೆ, ಹಣ ಕಳಿಸಿದರೆ ತೆಗೆಯುತ್ತೇವೆ ಎಂದು ಎಲ್ಲಿಂದಲೋ ಯಾರೋ ಬರೆದಿದ್ದರು. ಯಾವ ಪೆಟ್ಟಿಗೆ ಯಾರ ತೋಟದ್ದು, ಯಾವ ಶೀತಕೋಣೆಯಲ್ಲಿದೆ, ಒಂದೂ ಗೊತ್ತಾಗದೆ ಹೋಯಿತು. ತೋಟದ ಗುರುತಿಲ್ಲದ ಹಣ್ಣನ್ನು ಜರ್ಮನಿಯವರು ಮುಟ್ಟುವುದಿಲ್ಲ. ಸೀ ಲಝರ್ ಅಂಗಳದಲ್ಲಿ ಫೋನು ಹಿಡಿದು ಕಿರುಚುತ್ತಿದ್ದರು. ಇಬ್ತಿಹೆಲ್ ಒಳಗೆ ಅಳುತ್ತಿದ್ದಳು. ನನಗೆ ಸಂತೋಷವಾಯಿತು ಎಂದು ಹೇಳುವುದಕ್ಕೆ ನಾಚಿಕೆಯೇನಿಲ್ಲ.

ಮಧ್ಯಾಹ್ನ ಸೀ ಲಝರ್ ತಾವೇ ಸಂಘದ ಕೋಣೆಗೆ ಹೋದರಂತೆ. ನೆಜಿಯಾ ಕೂರಿ ಎನ್ನಲಿಲ್ಲವಂತೆ. "ಲಿನಕ್ಸ್ ಹಾಕ್ತೀನಿ. ಕಲಿಸೋದು ಮಾತ್ರ ತೆಬರ್. ಬೆಲ್ಟಿಂದ ತೆಗೆದು ಆಫೀಸಿಗೆ ಹಾಕ್ಕೊಳ್ಳಿ, ಇಲ್ಲಾಂದ್ರೆ ಆ ಕೆಂಪು ಪರದೆಯವರನ್ನೇ ಕೇಳಿ" ಎಂದಳಂತೆ. ಅವರು ಒಪ್ಪಿದರಂತೆ. ನನಗೆ ಸುದ್ದಿ ಹೇಳಲು ಬಂದವಳು ಬಾಗಿಲಲ್ಲೇ ನಿಂತಳು. "ಸಿಟ್ಟು ಇನ್ನೂ ಇದ್ರೆ ಇಟ್ಕೋ. ಕೆಲಸ ಮಾತ್ರ ಬಿಡ್ಬೇಡ" ಎಂದಳು. ನಾನು ಒಳಗೆ ಕರೆದು ಚಹಾ ಮಾಡಿದೆ.

ಎಲ್ಲ ಕಂಪ್ಯೂಟರುಗಳನ್ನೂ ಪೂರ್ತಿ ಅಳಿಸಿ ಹೊಸದಾಗಿ ಲಿನಕ್ಸ್ ಹಾಕಿದೆವು. ದಾಸ್ತಾನಿನ ಮುಕ್ತ ತಂತ್ರಾಂಶವೊಂದು ನೆಜಿಯಾ ಹತ್ತಿರ ಇತ್ತು. ಅದಕ್ಕೆ ನಮ್ಮ ಖರ್ಜೂರಕ್ಕೆ ತಕ್ಕ ಭಾಗಗಳನ್ನು ಸೇರಿಸಿದ್ದು ನಾನು: ತೋಟ, ಬೆಳೆಗಾರ, ಕೊಯ್ದ ದಿನ, ಪೆಟ್ಟಿಗೆ, ಶೀತಕೋಣೆ. ಪೆಟ್ಟಿಗೆಗಳಿಗೆ ಅಂಟಿಸಿದ್ದ ಚೀಟಿಗಳನ್ನು ಚಳಿಯಲ್ಲಿ ನಡುಗುತ್ತ ಓದಿ ಓದಿ ಎಲ್ಲವನ್ನೂ ಮತ್ತೆ ತುಂಬಿಸಿದೆವು. ಇಬ್ತಿಹೆಲ್‌ಗೆ ಕಲಿಸುವಾಗ ನನ್ನ ನಾಲಿಗೆ ಹರಿತವಾಗಿಯೇ ಇರುತ್ತಿತ್ತು. "ಸೂಸ್‌ನಲ್ಲಿ ಇದನ್ನೂ ಹೇಳ್ಕೊಡ್ಲಿಲ್ವಾ?" ಎನ್ನುತ್ತಿದ್ದೆ.

ಒಂದು ದಿನ ಅವಳು ಕೀಲಿಮಣೆಯಿಂದ ಕೈ ತೆಗೆದಳು. "ನನ್ನ ಮೇಲೆ ಯಾಕಕ್ಕಾ ಸಿಟ್ಟು? ಈ ಕುರ್ಚಿ ನಾನು ಕೇಳಿರ್ಲಿಲ್ಲ. ಚಿಕ್ಕಪ್ಪ ಕೂರ್ಸಿದ್ರು. ಮತ್ತೆ, ಮೂರನೇ ಶೀತಕೋಣೆ ಪೂರ್ತಿ ನೀವು ಬೇರೆ ಬೆಳೆಗಾರನ ಹೆಸರಿಗೆ ಬರ್ದಿದೀರ. ನೋಡಿ."

ನೋಡಿದೆ. ಅವಳು ಹೇಳಿದ್ದು ಸರಿಯಾಗಿತ್ತು. ಆ ತಪ್ಪಿನ ಮೇಲೆ ಲಾರಿ ಹೊರಟಿದ್ದರೆ ಜರ್ಮನಿಯಿಂದ ವಾಪಸು ಬರುತ್ತಿತ್ತು. ಅವತ್ತಿನಿಂದ ಸೂಸ್‌ನ ಮಾತು ಎತ್ತಲಿಲ್ಲ.

ಲಾರಿಗಳು ಸ್ಫಾಕ್ಸ್ ಬಂದರಿಗೆ ಹೋದವು, ಹಣ್ಣು ಮಾರಾಟವಾಯಿತು. ಎಲ್ಲ ಸರಿಹೋಯಿತು ಎನ್ನುವಾಗ ದೂಝ್ ರಸ್ತೆಯ ಕೊನೆಯ ಓಯಸಿಸ್‌ನ ಸಣ್ಣ ಬೆಳೆಗಾರರು ನೆಜಿಯಾಳನ್ನು ಹುಡುಕಿಕೊಂಡು ಬಂದರು. ತೋಟದ ಗುರುತು ತೋರಿಸಲಾಗದೆ ಅವರು ಪ್ರತಿವರ್ಷ ಸೀ ಲಝರ್‌ಗೇ, ಅವರು ಹೇಳಿದ ಬೆಲೆಗೇ ಮಾರಬೇಕಿತ್ತು. "ಆ ಕಂಪ್ಯೂಟರು ನಮಗೂ ಕಲ್ಸಿ" ಎಂದರು. ನಾನು ಅದೇ ತಂತ್ರಾಂಶವನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಹೋಗಿ ಸಂಘದ ಕೋಣೆಯಲ್ಲಿ ಅವರನ್ನು ಕೂರಿಸಿ ಪಾಠ ಶುರುಮಾಡಿದೆ. ನಮ್ಮ ಉಳಿದ ಏಳು ಹೆಂಗಸರು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಿದ್ದರು.

ಎರಡನೇ ಪಾಠದ ನಡುವೆ ಸೀ ಲಝರ್ ಬಾಗಿಲು ತಳ್ಳಿಕೊಂಡು ಬಂದರು.

"ನನ್ನ ಉಪ್ಪು ತಿಂದು ನನ್ನ ಮಾಲು ಕದ್ದು ಹಂಚ್ತಾ ಇದೀಯಾ?"

"ಕದ್ದಿಲ್ಲ. ಇದು ಯಾರಪ್ಪನ ಸ್ವತ್ತೂ ಅಲ್ಲ" ಎಂದೆ.

"ನಾನು ಸಂಬಳ ಕೊಟ್ಟಿದೀನಿ. ನನ್ನ ಆಫೀಸಲ್ಲಿ ಕೂತು ಮಾಡಿದ್ದು. ನಂದು."

"ತಂದು ಕೊಟ್ಟಾಗ್ಲೇ ಹೇಳಿದ್ದೆ ಸೀ ಲಝರ್, ಪಡ್ಕೊಂಡೋರು ಬೀಗ ಹಾಕೋ ಹಾಗಿಲ್ಲ ಅಂತ" ಎಂದಳು ನೆಜಿಯಾ. "ಆಯ್ತು ಆಯ್ತು ಅಂತ ತಲೆ ಆಡಿಸಿದ್ರಿ. ಎಷ್ಟೋ ದೇಶದ ಜನ ಮಾಡಿ ಕೊಟ್ಟಿದ್ದನ್ನ ನಾವು ತಗೊಂಡ್ವಿ. ನಿಮಗೆ ಕೊಟ್ವಿ, ಇವರಿಗೂ ಕೊಡ್ತೀವಿ."

"ಮಾಡಿ ಸುಮ್ನೆ ಕೊಟ್ಟೋರು ಮೂರ್ಖರು. ಅವರ ಮೂರ್ಖತನಕ್ಕೆ ನಾನ್ಯಾಕೆ ನಷ್ಟ ಮಾಡ್ಕೊಳ್ಳಲಿ?"

ಸಿರಿಯಾದಲ್ಲಿ ಕೂತು ನನ್ನ ಪದಗಳನ್ನು ಒಪ್ಪಿಕೊಂಡ ಆ ಮನುಷ್ಯನ ನೆನಪಾಯಿತು. "ಆ ಮೂರ್ಖರು ಇಲ್ದೇ ಇದ್ದಿದ್ರೆ ನೀವು ಈ ವರ್ಷ ಕೊಳೆತ ಹಣ್ಣನ್ನ ಒಂಟೆಗೆ ಹಾಕ್ತಾ ಇದ್ರಿ" ಎಂದೆ. "ಕದ್ದ ಸಿಡಿ ಹಾಕ್ಕೊಂಡು ಕೂತಿದ್ದ ನೀವು ಕಳ್ಳತನದ ಮಾತು ಆಡ್ತೀರಾ? ಹೊರಗೆ ಹೋಗಿ. ಪಾಠ ನಡೀತಾ ಇದೆ."

ಅವರು ಹೋದರು. ಮರುದಿನ ಎಂಟೂ ಮಂದಿಗೆ ಕೆಲಸವಿಲ್ಲ ಎಂದು ಕಾವಲುಗಾರ ಗೇಟಿನಲ್ಲೇ ಹೇಳಿದ.

ಖಾಲ್ತಿ ಮಬರ್ಕಾ ನೇರವಾಗಿ ನನ್ನ ಮನೆಗೆ ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ. "ನಿನ್ನ ನಾಲಿಗೆ ನಮ್ಮ ಒಲೆ ಆರಿಸ್ತು. ನಿನಗೆ ಗಂಡನಿಲ್ಲ, ಮಕ್ಕಳಿಲ್ಲ, ಸಿಟ್ಟು ಮಾಡ್ಕೊಳ್ಳೋದು ಸುಲಭ. ಹೋಗಿ ತಪ್ಪಾಯ್ತು ಅನ್ನು."

ಅವಳ ಮೇಲೂ ಸಿಟ್ಟು ಬಂತು. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎಲ್ಲರೂ ಸೇರಿ ಕಾರ್ಖಾನೆಗೆ ಹೋದೆವು. ನಾನು ಗೇಟಿನ ಬಳಿ ನಿಂತು ಸೀ ಲಝರ್ ಅವರನ್ನು ನೋಡಬೇಕು, ತಪ್ಪು ಒಪ್ಪಿಕೊಳ್ಳಬೇಕು ಎಂದೆ. ಕಾವಲುಗಾರ ಒಳಗೆ ಹೋಗಿ ಬಂದು "ಕಾಯ್ಬೇಕಂತೆ" ಎಂದ. ಕಾದೆ. ಬಿಸಿಲು ಏರಿತು. ಆಫೀಸಿನ ಕಿಟಕಿಯಲ್ಲಿ ಅವರು ಕಾಫಿ ಲೋಟ ಹಿಡಿದು ನನ್ನ ಕಡೆಗೇ ನೋಡುತ್ತ ನಿಂತಿದ್ದು ಎಲ್ಲರಿಗೂ ಕಾಣುತ್ತಿತ್ತು. ಕಾವಲುಗಾರ ಇನ್ನೊಮ್ಮೆ ಹೋಗಿ ಬಂದ. ಈ ಸಲ ನೆಲ ನೋಡಿಕೊಂಡು ಹೇಳಿದ: "ಬೆಲ್ಟ್ ನಿಲ್ಲೋ ಹೊತ್ತಿಗೆ ಎಲ್ಲರೂ ಹೊರಗೆ ಬರ್ತಾರಲ್ಲ, ಅವಾಗ ಎಲ್ಲರ ಮುಂದೆ ಕ್ಷಮೆ ಕೇಳ್ಬೇಕಂತೆ."

ಖಾಲ್ತಿ ಮಬರ್ಕಾ ನನ್ನನ್ನು ಪಕ್ಕಕ್ಕೆ ಸರಿಸಿದಳು.

"ಕೇಳೋಕೆ ಬಂದಿದೀವಿ, ಮೆರವಣಿಗೆ ಹೋಗೋಕಲ್ಲ" ಎಂದಳು ಕಿಟಕಿಗೆ ಕೇಳುವಂತೆ. "ತಮಾಷೆ ನೋಡ್ತೀಯಾ? ನೋಡು."

ಬಂದರಿಗೆ ಹೊರಟ ಶೀತಲಾರಿಯೊಂದು ಗೇಟಿನತ್ತ ಬರುತ್ತಿತ್ತು. ಅವಳು ಹೋಗಿ ಅದರ ಮುಂದೆ, ಬಿಸಿ ಡಾಂಬರಿನ ಮೇಲೆ, ಕಾಲು ಚಾಚಿ ಕೂತುಬಿಟ್ಟಳು. ನಾವೂ ಕೂತೆವು. ಚಾಲಕ ಹಾರ್ನು ಹೊಡೆದು ಹೊಡೆದು ಸಾಕಾಗಿ ಇಳಿದು ಸಿಗರೇಟು ಹಚ್ಚಿದ. ಬೆಲ್ಟಿನ ಉಳಿದ ಹೆಂಗಸರು ಸದ್ದು ಕೇಳಿ ಹೊರಗೆ ಬಂದರು, ಬಿಳಿ ಟೋಪಿಯಲ್ಲೇ ನಮ್ಮ ಹಿಂದೆ ಕೂತರು. ಯಾರೋ ಮಣ್ಣೊಲೆಯಲ್ಲಿ ಸುಟ್ಟ ತಬೂನಾ ರೊಟ್ಟಿ ಮುರಿದು ಹಂಚಿದರು. ಹಿಂದೆ ಇನ್ನೂ ಎರಡು ಲಾರಿ ಬಂದು ನಿಂತವು. ಬಂದರಿನಲ್ಲಿ ಹಡಗು ಕಾಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಕಿಟಕಿಯಲ್ಲಿದ್ದವರಿಗಂತೂ ಚೆನ್ನಾಗಿ ಗೊತ್ತಿತ್ತು.

ಸಂಜೆಯಾಗುವ ಮೊದಲೇ ಸೀ ಲಝರ್ ಹೊರಬಂದರು. "ಏಳು ಜನ ನಾಳೆಯಿಂದ ಬರ್ಲಿ. ಇವಳು ಮಾತ್ರ ಬೇಡ" ಎಂದರು.

"ಹಾಗಾದ್ರೆ ನಾವು ಏಳೋದಿಲ್ಲ" ಎಂದಳು ಖಾಲ್ತಿ ಮಬರ್ಕಾ.

"ಏಳು ಖಾಲ್ತಿ" ಎಂದೆ. "ಅವರು ಕರೆದ್ರೂ ನಾನು ಒಳಗೆ ಕಾಲಿಡಲ್ಲ. ನಿಮ್ಮ ಒಲೆ ಉರೀಲಿ."

ಅವಳು ನನ್ನನ್ನು ದಿಟ್ಟಿಸಿ ನೋಡಿ, ನನ್ನ ಭುಜ ಹಿಡಿದು ಎದ್ದಳು. ಲಾರಿಗಳು ಹೋದವು.

ಮುಂದಿನ ಕೊಯ್ಲಿಗೆ ಆ ಸಣ್ಣ ಬೆಳೆಗಾರರು ಹಳೆಯ ಶಾಲೆಯೊಂದನ್ನು ಶೀತಕೋಣೆ ಮಾಡಿಕೊಂಡು, ತಮ್ಮ ಹಣ್ಣನ್ನು ತಾವೇ ಇಟಲಿಗೆ ಕಳಿಸಿದರು. ಅವರ ಕಚೇರಿ ನನ್ನದಾಯಿತು. ಸಂಬಳ ಕಮ್ಮಿ, ಫ್ಯಾನು ತಿರುಗುವುದಿಲ್ಲ. ಯುರೋಪಿನವರು ಔಷಧಿ ಸಿಂಪಡಿಸಿದ ವಿವರವನ್ನೂ ಕೇಳತೊಡಗಿದಾಗ ನಾನು ತಂತ್ರಾಂಶಕ್ಕೆ ಇನ್ನೊಂದು ಭಾಗ ಸೇರಿಸಿದೆ. ಅದಕ್ಕೆ ಚಳಿಗಾಲವಿಡೀ ಹಿಡಿಯಿತು.

ಅದು ಮುಗಿದ ವಾರವೇ ಇಬ್ತಿಹೆಲ್ ಬಂದಳು, ಕೈಯಲ್ಲಿ ಪೆನ್ ಡ್ರೈವು.

"ಚಿಕ್ಕಪ್ಪ ಕಳಿಸಿದ್ರು ಅಕ್ಕಾ. ಆ ಹೊಸ ಭಾಗ ನಮಗೂ ಬೇಕಂತೆ."

"ಅವರೇ ಬಂದು ಕೇಳ್ಲಿ. ಇದೇ ಅಂಗಳದಲ್ಲಿ, ಬಿಸಿಲಲ್ಲಿ ನಿಂತು."

"ಅವರು ಬರಲ್ಲ. ನಿಮಗೂ ಗೊತ್ತು."

ನಾನು ನೆಜಿಯಾಗೆ ಫೋನು ಮಾಡಿದೆ. "ಕೊಡಲ್ಲ" ಎಂದೆ. "ನನ್ನ ಚಳಿಗಾಲ ಪೂರ್ತಿ ಇದರಲ್ಲಿದೆ. ಆ ಮನುಷ್ಯನಿಗೆ ನಾನ್ಯಾಕೆ ಕೊಡ್ಲಿ?"

ಆ ಕಡೆಯಿಂದ ಅವಳೆಂದಳು: "ಕೊಡ್ಲಿಲ್ಲ ಅಂದ್ರೆ, ಅವತ್ತು ಪಾಠದ ಮಧ್ಯೆ ಬಂದು ಅವನು ಆಡಿದ್ದನ್ನೇ ಇವತ್ತು ನೀನು ಆಡಿದ ಹಾಗೆ ಕಣೇ."

ಫೋನು ಕುಕ್ಕಿದೆ. ಇಬ್ತಿಹೆಲ್ ಕೈಯಿಂದ ಪೆನ್ ಡ್ರೈವು ಕಿತ್ತುಕೊಂಡು ಕಂಪ್ಯೂಟರಿಗೆ ಸಿಕ್ಕಿಸಿದೆ. ಪರದೆಯ ಮೇಲೆ ಹಸಿರು ಗೆರೆ ಮೆಲ್ಲಗೆ ತುಂಬುತ್ತಿದ್ದಾಗ ನಾನು ಹಲ್ಲು ಕಡಿಯುತ್ತಿದ್ದೆ. ಅವಳು ಬಾಗಿಲ ಬಳಿಯೇ ನಿಂತಿದ್ದಳು, ಕೂರಲು ಧೈರ್ಯವಿರಲಿಲ್ಲ.

"ಔಷಧಿ ಪ್ರಮಾಣ ಲೀಟರಿನಲ್ಲಿ ಹಾಕ್ಬೇಕು, ಡಬ್ಬದ ಲೆಕ್ಕದಲ್ಲಲ್ಲ" ಎಂದೆ. "ತಪ್ಪು ಹಾಕಿದ್ರೆ ಇಡೀ ಲಾರಿ ವಾಪಸು ಬರುತ್ತೆ. ಬಾ ಇಲ್ಲಿ, ಕೂತ್ಕೋ. ಒಂದೇ ಸಲ ಹೇಳ್ತೀನಿ."

ಅವಳು ಕುರ್ಚಿ ಎಳೆದುಕೊಂಡು ಕೂತಳು.