ರೋಸಿಗೆ ರಕ್ತ ಕೊಟ್ಟ ಭಾನುವಾರ

ಮಗಳಿಗೆ ಒಂದು ಜಡೆ ಹಾಕಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದ್ದೆ, ಬಾಗಿಲ ಮುಂದೆ ಆಟೋ ನಿಂತಿತು. ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ ಹಿಂದಿನ ಬೀದಿಯಲ್ಲಿ ನಮ್ಮ ಬಾಡಿಗೆ ಮನೆ. ಅದರ ಮುಂದಿನ ಕೋಣೆಯೇ ಕ್ಲಿನಿಕ್ಕು. ನಾನೂ ನನ್ನ ಗಂಡ ಶ್ರೀನಿವಾಸಪ್ಪನವರೂ ಪಶುವೈದ್ಯರು. ಅವರಿಗೆ ವಾರವೆಲ್ಲ ಬಂಗಾರಪೇಟೆಯ ಕಡೆ ಹಸು ಎಮ್ಮೆಗಳ ಕೆಲಸ. ನಾಯಿ, ಬೆಕ್ಕು, ಮೊಲ, ಗಿಳಿ ನನ್ನ ಪಾಲು. ಬಂದವರನ್ನು ಸಾಲಾಗಿ ಕೂರಿಸುವುದು, ಕಚ್ಚುವ ನಾಯಿಗೆ ಬಾಯಿ ಕಟ್ಟುವುದು, ಅಳುವವರನ್ನು ನಗಿಸುವುದು ಮಾವ ಮುನಿನಾರಾಯಣಪ್ಪನವರ ಖಾತೆ. ಒಲೆಯ ಮೇಲೆ ಒಂದು ಕಡೆ ಸಾರು ಕುದಿಯುತ್ತಿದ್ದರೆ ಇನ್ನೊಂದು ಕಡೆ ಸಿರಿಂಜು ಕುದಿಯುತ್ತಿರುತ್ತಿತ್ತು. ಯಾವುದು ಯಾವ ಪಾತ್ರೆ ಎಂದು ಅತ್ತೆಯವರು ಬದುಕಿದ್ದಾಗ ದಾರ ಕಟ್ಟಿ ಗುರುತು ಮಾಡಿಟ್ಟಿದ್ದರು.

ಆಟೋದಿಂದ ಇಳಿದವನು ಕುಪ್ಪುಸ್ವಾಮಿ, ನಂದಿದುರ್ಗ ಚಿನ್ನದ ಗಣಿಯ ಕೆಲಸಗಾರ. ರಾತ್ರಿ ಪಾಳಿ ಮುಗಿಸಿ ಬಂದವನು ಬಟ್ಟೆಯನ್ನೂ ಬದಲಿಸಿರಲಿಲ್ಲ. ಜಮಖಾನದಲ್ಲಿ ಸುತ್ತಿದ ಅವನ ನಾಯಿ ರೋಸಿ ತೋಳಿನಲ್ಲಿ ಒದ್ದೆ ಬಟ್ಟೆಯ ಹಾಗೆ ಜೋತು ಬಿದ್ದಿತ್ತು. ಹಿಂದೆಯೇ ಆಟೋದವನು ಬುಟ್ಟಿ ತಂದಿಟ್ಟ. ಒಳಗೆ ಮರಿಗಳು ಒಂದರ ಮೇಲೊಂದು ಹತ್ತಿ ಕುಯ್‌ಗುಡುತ್ತಿದ್ದವು.

"ನಿನ್ನೆಯಿಂದ ಏಳ್ತಾನೇ ಇಲ್ಲ ಡಾಕ್ಟ್ರಮ್ಮ. ಮರಿಗೋಳು ಬಾಯಿ ಇಟ್ರೂ ತಿರುಗಿ ನೋಡಲ್ಲ. ಏನಾನ ಮಾಡಿ."

ರೋಸಿಯ ತುಟಿ ಎತ್ತಿ ನೋಡಿದೆ. ಒಸಡು ಸುಣ್ಣ ಬಳಿದ ಗೋಡೆಯಂತಿತ್ತು. ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಹೊಟ್ಟೆ ಊದಿದ ಉಣ್ಣೆಹುಳುಗಳು. ಒಂದು ಹನಿ ರಕ್ತವನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಹುಡುಕಬೇಕಾಗಿಯೇ ಇರಲಿಲ್ಲ, ಉಣ್ಣೆಜ್ವರದ ಜೋಡಿ ಜೋಡಿ ಜೀವಿಗಳು ಕೆಂಪು ಕಣಗಳ ಒಳಗೆ ಮನೆ ಮಾಡಿಕೊಂಡು ಕೂತಿದ್ದವು. ನನ್ನ ಗಂಡನೂ ಕಣ್ಣಿಟ್ಟು ನೋಡಿದರು. ಹಸುಗಳಿಗೆಂದು ತಂದಿಟ್ಟಿದ್ದ ಇಂಜೆಕ್ಷನ್ನಿನಲ್ಲಿ ನಾಯಿಯ ತೂಕಕ್ಕೆ ತಕ್ಕಷ್ಟು ಎಳೆದು ತಾವೇ ಕೊಟ್ಟರು.

"ಔಷಧಿ ಕೆಲಸ ಮಾಡುತ್ತೆ. ಆದರೆ ಅಲ್ಲೀತನಕ ತಡೆಯೋಕೆ ಇದರ ಮೈಯಲ್ಲಿ ರಕ್ತ ಎಲ್ಲಿದೆ?" ಎಂದರು ಮೆಲ್ಲಗೆ.

"ಹಾಗಾದರೆ ರಕ್ತ ಕೊಡೋಣ."

"ನೀನು ಕೊಟ್ಟಿದ್ದೀಯಾ?"

"ಹೆಬ್ಬಾಳದಲ್ಲಿ ಓದುವಾಗ ನೋಡಿದ್ದೀನಿ."

"ಹತ್ತಿರದಿಂದಾನಾ?"

"ಹಿಂದಿನ ಸಾಲಿನಿಂದ."

ಅವರು ನಕ್ಕುಬಿಟ್ಟರು. ನನಗೆ ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಅದು ಹೆದರಿಕೆಯೊಂದೇ ಆಗಿರಲಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ ತುಂಬಿದ ಬಾಟಲಿಯೊಂದನ್ನು ಬೆಂಗಳೂರಿಗೆ ಹೋದಾಗ ಆಸೆಪಟ್ಟು ತಂದು ಬೀರುವಿನಲ್ಲಿಟ್ಟಿದ್ದೆ. ಮದುವೆಯ ಸೀರೆಗಳ ಪಕ್ಕದಲ್ಲಿ ಅದೂ ಇತ್ತು. ಓಡಿಹೋಗಿ ತಂದೆ. ತಿರುಗಿ ಬರುವಷ್ಟರಲ್ಲಿ ಕುಪ್ಪುಸ್ವಾಮಿ ಇರಲಿಲ್ಲ.

"ರಕ್ತ ಬೇಕು ಅಂದ್ರಲ್ಲ, ಅದು ಕಿವಿಗೆ ಬಿದ್ದಿದ್ದೇ ತಡ, ಆಟೋ ಅತ್ಕೊಂಡು ಓಗ್ಬುಟ್ಟ," ಎಂದರು ಮಾವ.

ನಾಯಿಯನ್ನೂ ಮರಿಗಳನ್ನೂ ನಮ್ಮ ಮೇಲೆ ಹಾಕಿ ಓಡಿಹೋದನೇ ಎಂದು ಬೇಸರವಾಯಿತು. ರೋಸಿಗೆ ಗ್ಲೂಕೋಸ್ ಹಚ್ಚಿ, ಮರಿಗಳಿಗೆ ಹತ್ತಿಯಲ್ಲಿ ಹಾಲು ಅದ್ದಿ ಹನಿಸುತ್ತ ಕೂತೆ. ಎಷ್ಟೋ ಹೊತ್ತಿನ ಮೇಲೆ ಬೀದಿಯ ಕೊನೆಯಿಂದ ಗದ್ದಲ ಕೇಳಿಸಿತು. ಕುಪ್ಪುಸ್ವಾಮಿ ಮುಂದೆ, ಅವನ ಹಿಂದೆ ಗಣಿ ಕೆಲಸಗಾರರ ಮನೆಗಳ ಸಾಲಾದ ಲೈನಿನ ಗಂಡಸರು, ಕೆಲವರು ಸೈಕಲ್ಲಿನಲ್ಲಿ, ಕೆಲವರು ಓಡಿಕೊಂಡು. ಯಾರೂ ಹೇಳದೆಯೇ ನಮ್ಮ ಜಗಲಿಯ ಮೇಲೆ ಸಾಲಾಗಿ ನಿಂತು ಅಂಗಿಯ ತೋಳು ಮಡಿಸತೊಡಗಿದರು. ಗಣಿಯಲ್ಲಿ ಬಂಡೆ ಕುಸಿದು ಯಾರಿಗಾದರೂ ಪೆಟ್ಟಾದಾಗ ಆಸ್ಪತ್ರೆಯ ಮುಂದೆ ಹೀಗೆ ಸಾಲು ನಿಂತು ಇವರಿಗೆಲ್ಲ ರೂಢಿ.

"ನಂದು ಓ ಪಾಸಿಟಿವ್ ಮೇಡಂ," ಎಂದ ಮೊದಲನೆಯವನು. "ಇಡ್ಲಿ ತಿಂದೇ ಬಂದಿದೀನಿ. ಖಾಲಿ ಒಟ್ಟೇಲಿ ಕೊಡಬಾರ್ದಂತೆ."

"ನಂದು ಯಾವ್ದು ಅಂತ ಗೊತ್ತಿಲ್ಲ, ಆದ್ರೆ ಓದ್ಸಲ ನಮ್ ಮೇಸ್ತ್ರಿಗೆ ಒಂದ್ಕೊಂತು," ಎಂದ ಇನ್ನೊಬ್ಬ.

ಕುಪ್ಪುಸ್ವಾಮಿ ಎಲ್ಲರಿಗಿಂತ ಮುಂದೆ ಬಂದು ತನ್ನ ತೋಳನ್ನೇ ನನ್ನ ಮೇಜಿನ ಮೇಲಿಟ್ಟ. "ಮೊದ್ಲು ನಂದು ತಗೊಳ್ಳಿ. ಸಾಲ್ದೇ ಓದ್ರೆ ಅವರದು."

ಉತ್ತರ ಕೊಟ್ಟವರು ಮಾವ. "ಲೇ ಕುಪ್ಪು, ಮನುಷ್ಯನ ರಕ್ತ ನಾಯಿಗೆ ಆಗಕಿಲ್ಲ ಕಣ್ಲಾ. ಆಗಿದ್ರೂ ಬ್ಯಾಡ. ನಿಮ್ಮ ರಕ್ತ ಏರಿಸಿದ್ರೆ ನಾಳೆಯಿಂದ ರೋಸಿ ಕ್ಯಾಪ್‌ಲ್ಯಾಂಪ್ ಕಟ್ಕೊಂಡು ಶಿಫ್ಟಿಗೆ ಓಯ್ತಾಳೆ, ಸಂಜೆ ಬಂದು ನಿನ್ನೇ ಬೈತಾಳೆ."

ಸಾಲೆಲ್ಲ ನಕ್ಕಿತು. ಕುಪ್ಪುಸ್ವಾಮಿ ಮಾತ್ರ ನಗಲಿಲ್ಲ. ತೋಳನ್ನು ಮೇಜಿನಿಂದ ತೆಗೆಯಲೂ ಇಲ್ಲ.

"ನಾಯಿಯ ರಕ್ತ ಬೇಕು," ಎಂದೆ. "ದಪ್ಪಗಿರಬೇಕು, ಗಟ್ಟಿಮುಟ್ಟಾಗಿರಬೇಕು, ಅಲ್ಲಾಡದೆ ಮಲಗಬೇಕು. ಬೇಗ."

ಸಾಲು ಚದುರಿತು. ಆಮೇಲೆ ನಡೆದದ್ದು ಜಾತ್ರೆಗಿಂತ ಹೆಚ್ಚು. ಹಗ್ಗದಲ್ಲಿ, ಬೆಲ್ಟಿನಲ್ಲಿ, ಹೆಂಡತಿಯ ಹಳೆಯ ಸೀರೆಯಲ್ಲಿ ಕಟ್ಟಿ ನಾಯಿಗಳನ್ನು ಎಳೆದು ತಂದರು. ಒಂದಕ್ಕೆ ಪಕ್ಕೆಲುಬು ಎಣಿಸಬಹುದಿತ್ತು. ಒಂದು ಮುದಿ. ಒಂದು ಜಗಲಿ ಹತ್ತುತ್ತಲೇ ಇನ್ನೊಂದರ ಕಿವಿ ಹಿಡಿಯಿತು. ಬಿಡಿಸಲು ಹೋದ ನನ್ನ ಗಂಡನ ಪ್ಯಾಂಟು ಮೊಣಕಾಲಿನಿಂದ ಕೆಳಗೆ ಹರಿಯಿತು. ಮಗಳು ಕಿಟಕಿಯ ಮೇಲೆ ಹತ್ತಿ ನಿಂತು ಯಾರು ಗೆದ್ದರೆಂದು ಕೂಗಿ ಹೇಳುತ್ತಿದ್ದಳು. ಒಂದೂ ನನ್ನ ಲೆಕ್ಕಕ್ಕೆ ಬರಲಿಲ್ಲ. ಒಳಗೆ ರೋಸಿಯ ಉಸಿರು ಮೇಲುಮೇಲಕ್ಕೆ ಆಗಿ, ಕಾಲು ತಣ್ಣಗಾಗುತ್ತಿತ್ತು.

ಆಗ ಬೀದಿಯಲ್ಲಿ ಹಾಲಿನ ಕ್ಯಾನು ಹೊತ್ತ ಪಾಪಕ್ಕ ಕಾಣಿಸಿದಳು. ಬಂಗಾರಪೇಟೆ ರಸ್ತೆಯ ಹಳ್ಳಿಯವಳು, ದಿನಾ ನಮಗೂ ಹಾಲು ಹಾಕುವವಳು. ಅವಳ ಹಿಂದೆ ಅವಳ ನಾಯಿ ಕರಿಯ, ಕರುವಿನಷ್ಟು ಎತ್ತರ, ಎದೆಯ ಮೇಲೊಂದು ಬಿಳಿ ಮಚ್ಚೆ. ಜಗಳವಾಡುತ್ತಿದ್ದ ನಾಯಿಗಳೆಲ್ಲ ಅವನನ್ನು ಕಂಡು ಬಾಲ ಮುದುರಿ ದಾರಿ ಬಿಟ್ಟವು.

"ಅವನೇ," ಎಂದೆ ನಾನು.

ಕುಪ್ಪುಸ್ವಾಮಿಯ ಮುಖ ಇಳಿಯಿತು. ಅದಕ್ಕೆ ಕಾರಣ ನಮಗೆಲ್ಲ ಗೊತ್ತಿತ್ತು. ದೀಪಾವಳಿಯ ಹೊತ್ತಿಗೆ ಕರಿಯ ರೋಸಿಯ ಹಿಂದೆ ಲೈನಿಗೆ ಬಂದಿದ್ದ. ಕುಪ್ಪುಸ್ವಾಮಿ ಕಲ್ಲೆಸೆದಿದ್ದ. ಕುಂಟುತ್ತ ಬಂದ ಕರಿಯನ ಕಾಲಿಗೆ ಇದೇ ಕೋಣೆಯಲ್ಲಿ ನಾನೇ ಪಟ್ಟಿ ಕಟ್ಟಿದ್ದೆ. ಅಂದಿನಿಂದ ಪಾಪಕ್ಕ ಕುಪ್ಪುಸ್ವಾಮಿಯ ಮನೆಗೆ ಹಾಲು ಹಾಕುವುದನ್ನು ನಿಲ್ಲಿಸಿದ್ದಳು.

ಅವಳಿಗೆ ವಿಷಯ ಹೇಳಿದೆವು. ಕ್ಯಾನನ್ನು ಇಳಿಸಿ ಸೊಂಟಕ್ಕೆ ಕೈಯಿಟ್ಟಳು.

"ಏನಪ್ಪ ಕುಪ್ಪು, ಅವತ್ತು ಕಲ್ಲಲ್ಲಿ ಒಡೆದು ರಕ್ತ ತೆಗ್ದೆ. ಇನ್ನೂ ಸಾಲ್ಲಿಲ್ವಾ?"

"ತಪ್ಪಾಯ್ತು ಪಾಪಕ್ಕ."

"ಇವತ್ತು ಬೇಕು, ಅದ್ಕೆ ತಪ್ಪಾಯ್ತು."

"ಊಂ. ಬೇಕು, ಅದ್ಕೇ ಅಂದೆ. ಆದ್ರೆ ತಪ್ಪು ನಂದೇ ಅಲ್ವಾ."

ಪಾಪಕ್ಕ ನನ್ನ ಕಡೆ ತಿರುಗಿದಳು. "ನನ್ ಕೊಟ್ಟಿಗೆ ಕಾಯೋನು ಇವನು, ಡಾಕ್ಟ್ರಮ್ಮ. ಇವನ್ಗೆ ಏನಾನ ಆದ್ರೆ?"

"ಒಂದು ದೊಡ್ಡ ಲೋಟದಷ್ಟು ತಗೋತೀನಿ. ಅಷ್ಟು ದೇಹದಲ್ಲಿ ಮತ್ತೆ ತುಂಬಿಕೊಳ್ಳುತ್ತೆ. ನಾಳೆ ನಿನ್ನ ಜೊತೆ ಹಾಲಿಗೆ ಬರ್ತಾನೆ."

ಅವಳು ಒಳಗೆ ಬಂದು ರೋಸಿಯನ್ನು ನೋಡಿದಳು, ಆಮೇಲೆ ಬುಟ್ಟಿಯೊಳಗೆ ಬಗ್ಗಿದಳು. ಎರಡು ಮರಿ ಕಂದು, ಉಳಿದವು ಕಪ್ಪು. ಕಪ್ಪು ಮರಿಗಳ ಎದೆಯ ಮೇಲೆಲ್ಲ ಬಿಳಿ ಮಚ್ಚೆ.

ಮಾವ ಗಂಟಲು ಸರಿಮಾಡಿಕೊಂಡರು. "ಪಾಪಕ್ಕ, ಯೋಚ್ನೆ ಮಾಡಿ ಮಾತಾಡು. ನೀವಿಬ್ರೂ ಬೀಗ್ರು ಕಣಮ್ಮ. ಕುಪ್ಪು ಎಣ್ಣಿನ ಕಡೆ, ನೀನು ಗಂಡಿನ ಕಡೆ."

"ಗಂಡಿನ ಕಡೇನಾ?" ಪಾಪಕ್ಕನ ತುಟಿಯ ಅಂಚು ಮೇಲೆದ್ದಿತು. "ಮತ್ತೆ ಬೀಗರೂಟ ಆಕ್ಲಿಲ್ಲ, ಸೀರೆ ಕೊಡ್ಲಿಲ್ಲ, ಕಲ್ಲು ಕೊಟ್ರಲ್ಲ." ಅವಳು ಸೆರಗನ್ನು ಬಿಗಿಯಾಗಿ ಸಿಕ್ಕಿಸಿಕೊಂಡಳು. "ಬಾರೋ ಕರಿಯ. ಎಂಡ್ತಿ ನೋಡು ಎಂಗೆ ಬಿದ್ದವಳೆ."

ಎರಡು ನಾಯಿಗಳ ರಕ್ತವನ್ನು ಗಾಜಿನ ಮೇಲೆ ಬೆರೆಸಿ ನೋಡಿದೆ, ಗಂಟು ಕಟ್ಟಲಿಲ್ಲ. ಕರಿಯನ ಕತ್ತಿನ ಕೂದಲು ಬೋಳಿಸಿದೆವು. ಆದರೆ ಬಾಗಿಲಲ್ಲಿ ಕುಪ್ಪುಸ್ವಾಮಿಯ ನೆರಳು ಕಂಡ ಕೂಡಲೇ ಕರಿಯ ಹಲ್ಲು ಬಿಟ್ಟು ಗುರ್ರೆಂದು ಎದ್ದ. ನನ್ನ ಗಂಡ ಹಿಡಿದರೂ ನಿಲ್ಲಲಿಲ್ಲ.

"ನೀನು ಆಚೆ ಓಗಯ್ಯ, ನಿನ್ ಮಕ ಅವನ್ಗೆ ಆಗಲ್ಲ," ಎಂದಳು ಪಾಪಕ್ಕ. ಕುಪ್ಪುಸ್ವಾಮಿ ಹೊರಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಕೂತ. ಅವಳು ಕರಿಯನ ತಲೆಯನ್ನು ತೊಡೆಯ ಮೇಲೆ ಹಾಕಿಕೊಂಡು, ಹಸುವಿನ ಹಾಲು ಕರೆಯುವಾಗ ಹಾಕುವ ದನಿಯಲ್ಲಿ ಹೋ, ಹೋ, ಹೋ ಎನ್ನತೊಡಗಿದಳು. ದಿನಾ ಬೆಳಗಿನ ಜಾವ ಆ ದನಿ ಕೇಳುತ್ತ ಕೊಟ್ಟಿಗೆಯ ಬಾಗಿಲಲ್ಲಿ ಮಲಗುವ ನಾಯಿ. ಅವನ ಕಿವಿ ಇಳಿಯಿತು, ಕಾಲು ಸಡಿಲವಾಯಿತು. ಸೂಜಿ ಚುಚ್ಚಿದೆ. ಒಂದು ಸಲ ಚರ್ಮ ಕಂಪಿಸಿತು, ಅಷ್ಟೆ. ಗಾಢ ಕೆಂಪು ರಕ್ತ ಬಾಟಲಿಯ ಗೋಡೆಗುಂಟ ನೊರೆಯಿಲ್ಲದೆ ಇಳಿಯತೊಡಗಿತು. ನನ್ನ ಗಂಡ ಬಾಟಲಿಯನ್ನು ಮೆಲ್ಲಗೆ ತಿರುವುತ್ತಿದ್ದರು. ಅವರ ಕಣ್ಣು ಕಾಲೇಜಿನ ಹುಡುಗನ ಕಣ್ಣಾಗಿತ್ತು.

"ಬರ್ತಾ ಇದೆ," ಎಂದರು. ಅದನ್ನೇ ಮತ್ತೆ ಮತ್ತೆ ಹೇಳಿದರು. ಕಿಟಕಿಯಲ್ಲಿದ್ದ ಮಗಳು ಅದನ್ನು ಬೀದಿಗೆ ದಾಟಿಸಿದಳು.

ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟು, ಗೋಡೆಯ ಮೊಳೆಗೆ ತೂಗುಹಾಕಿ, ರೋಸಿಯ ಮುಂಗಾಲಿನ ರಕ್ತನಾಳಕ್ಕೆ ಜೋಡಿಸಿದೆ. ಮೊದಲು ಹನಿ ಹನಿಯಾಗಿ. ಸ್ವಲ್ಪ ಹೊತ್ತಿಗೆ ರೋಸಿ ಮೈಯೆಲ್ಲ ನಡುಗಿತು. ಕೊಳವೆಯನ್ನು ಬಿಗಿಹಿಡಿದು ನಿಲ್ಲಿಸಿದೆ.

"ಒಂದ್ಕೊಳ್ಳಲಿಲ್ವಾ?" ಎಂದು ಹೊರಗಿನಿಂದ ಕುಪ್ಪುಸ್ವಾಮಿಯ ದನಿ.

ನನ್ನ ಗಂಡ ರೋಸಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕಣ್ಣು ಮುಚ್ಚಿದರು. ಪಾಪಕ್ಕ ತನ್ನ ಸೆರಗನ್ನೇ ಬಿಚ್ಚಿ ರೋಸಿಯ ಬೆನ್ನಿಗೆ ಹೊದಿಸಿ ಉಜ್ಜಿದಳು. ನಡುಕ ಕಡಿಮೆಯಾಗಿ, ನಿಂತಿತು.

"ಬಿಡು, ನಿಧಾನಕ್ಕೆ," ಎಂದರು ನನ್ನ ಗಂಡ. ಮತ್ತೆ ಬಿಟ್ಟೆ.

ಆಮೇಲೆ ನಾವು ನೋಡಿದ್ದು ರೋಸಿಯ ಒಸಡನ್ನು ಮಾತ್ರ. ಪಾಪಕ್ಕ ತುಟಿ ಎತ್ತಿ ಹಿಡಿದಿದ್ದಳು. ಬಾಟಲಿ ಅರ್ಧವಾದರೂ ಬಿಳಿಯೇ. ಅರ್ಧದ ಕೆಳಗೆ ಇಳಿದ ಮೇಲೆ ಕೋರೆಹಲ್ಲಿನ ಬುಡದಲ್ಲಿ ಏನೋ ಕಂಡಂತಾಯಿತು. ನನ್ನ ಆಸೆಯೇ ಇರಬೇಕೆಂದು ಸುಮ್ಮನಿದ್ದೆ.

"ಎಳೇ ಮಾವಿನ ಚಿಗುರು ಬಣ್ಣ ಬಂತು ನೋಡ್ರಿ," ಎಂದಳು ಪಾಪಕ್ಕ.

ಬುಟ್ಟಿಯಲ್ಲಿ ಮರಿಯೊಂದು ಕಿರುಚಿತು. ರೋಸಿಯ ಕಿವಿ ಅತ್ತ ತಿರುಗಿತು. ತಲೆ ಎತ್ತಿತು. ನಾವು ಹಿಡಿಯುವ ಮೊದಲೇ ಮುಂಗಾಲೂರಿ ಎದ್ದು, ಮೇಜಿನ ಅಂಚಿಗೆ ಬಂತು.

"ಸೂಜಿ, ಸೂಜಿ," ಎಂದೆ. ನನ್ನ ಗಂಡ ರೋಸಿಯನ್ನು ಎತ್ತಿ ಕೆಳಗಿಳಿಸಿದರು. ನಾನು ಮೊಳೆಯಿಂದ ಬಾಟಲಿ ಕಿತ್ತು ತಲೆಯ ಮೇಲೆ ಎತ್ತಿ ಹಿಡಿದೆ. ರೋಸಿ ತೂರಾಡುತ್ತ ಬುಟ್ಟಿಯ ಕಡೆ ನಡೆಯಿತು, ಕೊಳವೆಯ ಅಳತೆಗೆ ನಾನೂ ಹಿಂದೆಯೇ ನಡೆದೆ. ಪಾಪಕ್ಕ ಬುಟ್ಟಿಯನ್ನು ಓರೆ ಮಾಡಿದಳು. ಮರಿಗಳು ಉರುಳಿ ಬಂದು ಹೊಟ್ಟೆಯ ಕೆಳಗೆ ನುಗ್ಗಿದವು. ರೋಸಿ ಅಡ್ಡ ಬಿದ್ದು ಒಂದೊಂದನ್ನಾಗಿ ನೆಕ್ಕತೊಡಗಿತು.

ಹೊರಗೆ ಮಾವ ಏನೆಂದರೋ, ಜಗಲಿಯ ಮೇಲಿನವರೆಲ್ಲ ಒಟ್ಟಿಗೆ ಶಿಳ್ಳೆ ಹಾಕಿದರು. ಕುಪ್ಪುಸ್ವಾಮಿ ಬಾಗಿಲ ಸಂದಿಯಿಂದ ತಲೆಯಷ್ಟನ್ನೇ ಒಳಗಿಟ್ಟ. ಕರಿಯ ಗುರ್ರೆಂದ.

"ಸುಮ್ಕಿರೋ," ಎಂದು ಪಾಪಕ್ಕ ಅವನ ಮೂತಿಯ ಮೇಲೆ ಕೈಯಿಟ್ಟಳು. "ಬಾ ಬೀಗ, ಒಳಕ್ಕೆ ಬಾ. ಮೆಲ್ಲಗೆ ಬಾ."

ಅವನು ಮಂಡಿಯೂರಿ, ಗೋಡೆಗೆ ಅಂಟಿಕೊಂಡು, ಗಣಿಯ ಇಕ್ಕಟ್ಟಿನಲ್ಲಿ ತೆವಳುವವನಂತೆ ರೋಸಿಯ ಕಡೆಗೆ ಸರಿದು ಬಂದ. ಬಾಟಲಿಯಲ್ಲಿ ಇನ್ನೂ ನಾಲ್ಕು ಬೆರಳು ರಕ್ತವಿತ್ತು. ನನ್ನ ತೋಳು ನೋಯುತ್ತಿತ್ತು. ಇಳಿಸಲು ನನಗೆ ಮನಸ್ಸೇ ಬರಲಿಲ್ಲ.