ಆಗಿಯೇ ಇರದ ಮದುವೆ

ಗಂಡ ಬಿಟ್ಟುಹೋದಾಗ ಹಲ್ಲಕ್ಕ ಅತ್ತಳು, ಬೈದಳು, ಆಮೇಲೆ ಸುಮ್ಮನಾದಳು. ಗಂಡಸರು ಬಿಟ್ಟುಹೋಗುವುದು ಲೋಕದಲ್ಲಿ ಹೊಸದೇನಲ್ಲ. ಅವಳಿಗೆ ಹೇಸಿಗೆ ಹುಟ್ಟಿಸಿದ್ದು ಅದಲ್ಲ, ಆಮೇಲೆ ಚರ್ಚಿನವರು ಮಾಡಿದ್ದು.

ಹಲ್ಲಕ್ಕ ಎನ್ನುವುದು ಚರ್ಚಿನ ಗಾನವೃಂದದ ಮಕ್ಕಳು ಇಟ್ಟ ಹೆಸರು. ದಂತವೈದ್ಯರೊಬ್ಬರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಅವಳು ಹಲ್ಲಿನ ಸೆಟ್ಟು ಮಾಡುತ್ತಿದ್ದಳು. ಡಾಕ್ಟರು ಬಾಯಿಯ ಅಚ್ಚು ತೆಗೆದು ಒಳಗೆ ಕಳಿಸಿದರೆ, ಅದಕ್ಕೆ ಪ್ಲಾಸ್ಟರ್ ಹೊಯ್ದು, ಗುಲಾಬಿ ಮೇಣದ ವಸಡಿನಲ್ಲಿ ಒಂದೊಂದೇ ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು ಹೊರಗೆ ಕಳಿಸುವುದು ಅವಳ ಕೆಲಸ. ಉಗುರಿನ ಸಂದಿಯಲ್ಲಿ ಸದಾ ಬಿಳಿ ಪುಡಿ. ಭಾನುವಾರ ಮಾತ್ರ ಕೈ ತಿಕ್ಕಿ ತೊಳೆದು ಚರ್ಚಿನಲ್ಲಿ ಗಾನವೃಂದ ಕೂರುವ ಅಟ್ಟ ಹತ್ತುತ್ತಿದ್ದಳು. ಲಂಗ ಉಡುವ ವಯಸ್ಸಿನಿಂದ ಅಲ್ಲಿ ಹಾಡಿದವಳು, ಈಗ ಹಾಡಿಸುವವಳು. ತವರುಮನೆ ಯಾವುದು ಎಂದು ಕೇಳಿದ್ದರೆ ಆ ಅಟ್ಟವನ್ನೇ ತೋರಿಸುತ್ತಿದ್ದಳೇನೋ.

ಗಂಡ ವಕೀಲ. ಬಿಷಪ್ಪರ ಶಾಲೆ, ಜಮೀನುಗಳ ವ್ಯಾಜ್ಯವನ್ನೆಲ್ಲ ನೋಡಿಕೊಳ್ಳುತ್ತಿದ್ದವನು. ಮಗಳು ಕಾಲೇಜಿಗೆ ಸೇರಿದ ವರ್ಷ ಅವನು ತನ್ನ ಜೂನಿಯರ್ ಒಬ್ಬಳ ಜೊತೆ ಬೇರೆ ಸಂಸಾರ ಹೂಡಿದ. ಸರ್ಕಾರಿ ಕೋರ್ಟಿನಲ್ಲಿ ವಿಚ್ಛೇದನವೂ ಆಯಿತು. ಹೋಗುವವನನ್ನು ಕಂಬಕ್ಕೆ ಕಟ್ಟಿ ಏನು ಮಾಡಲಿ ಎಂದು ಹಲ್ಲಕ್ಕ ಕೇಳಿದಲ್ಲಿ ಸಹಿ ಹಾಕಿದಳು.

ಆದರೆ ಚರ್ಚು ವಿಚ್ಛೇದನವನ್ನು ಒಪ್ಪುವುದಿಲ್ಲ. ಹೊಸಬಳನ್ನು ಪೀಠದ ಮುಂದೆ ನಿಲ್ಲಿಸಿ ಮದುವೆಯಾಗಬೇಕಾದರೆ ಹಳೆಯ ಮದುವೆ ಆಗಿಯೇ ಇರಲಿಲ್ಲ ಎಂದು ಚರ್ಚಿನ ನ್ಯಾಯಮಂಡಳಿ ಹೇಳಬೇಕು. ವಕೀಲ ಅಲ್ಲಿಗೆ ಅರ್ಜಿ ಹಾಕಿದ. ಮದುವೆಯ ಹೊತ್ತಿಗೆ ಹೆಂಡತಿಗೆ ಮದುವೆ ಎಂದರೇನೆಂಬ ತಿಳಿವಳಿಕೆಯೇ ಬಲಿತಿರಲಿಲ್ಲ, ಆದ್ದರಿಂದ ಅವಳು ಕೊಟ್ಟ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದು ಅವನ ವಾದ.

ಮಗಳು ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಳು. "ನಿಂಗೆ ಬುದ್ಧಿ ಬಲಿತಿರ್ಲಿಲ್ಲ ಅನ್ನೋದು ನಿಜಾನೇ ಬಿಡಮ್ಮ. ಬಲಿತಿದ್ರೆ ಅಪ್ಪನ್ನ ಯಾಕೆ ಮಾಡ್ಕೊಳ್ತಿದ್ದೆ?"

ಹಲ್ಲಕ್ಕನೂ ನಕ್ಕಳು. ಇಂಥ ಅರ್ಜಿಯನ್ನು ನ್ಯಾಯಮಂಡಳಿಯ ಗುರುಗಳು ಕಸದ ಬುಟ್ಟಿಗೆ ಹಾಕುತ್ತಾರೆ ಎಂಬ ನಂಬಿಕೆ ಅವಳಿಗಿತ್ತು. ಆ ಮಂಡಳಿಯ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಫಾದರ್ ಎನ್ನುತ್ತಿದ್ದರು. ಅವರ ಬಾಯಿಯ ಅಚ್ಚು ಆ ತಿಂಗಳೇ ಅವಳ ಮೇಜಿಗೆ ಬಂದಿತ್ತು. "ದೊಡ್ಡೋರ ಬಾಯಿ, ಸ್ವಲ್ಪ ಹುಷಾರು" ಎಂದಿದ್ದರು ಡಾಕ್ಟರು. ಉಪದೇಶ ಹೇಳುವ ಬಾಯಿ ಎಂದು ಅವಳು ಉಳಿದವರದ್ದಕ್ಕಿಂತ ಹೆಚ್ಚು ಹೊತ್ತು ಕೂತು, ಮುಂದಿನ ಹಲ್ಲುಗಳಿಗೆ ವಯಸ್ಸಿಗೆ ತಕ್ಕ ಸಣ್ಣ ಸವೆತವನ್ನೂ ಕೊಟ್ಟು, ಚೆಂದ ಮಾಡಿ ಕಳಿಸಿದಳು.

ವಿಚಾರಣೆಗೆ ಕರೆ ಬಂದದ್ದು ಅದಾದ ಮೇಲೆ. ಬಿಷಪ್ಪರ ಮನೆಯ ಹಿಂಬದಿಯ ಕೋಣೆ. ಉದ್ದ ಮೇಜು, ಮುಚ್ಚಿದ ಕಿಟಕಿ, ಹಳೆಯ ಕಾರ್ಪೆಟ್ಟಿನ ಮುಗ್ಗಲು ವಾಸನೆ. ಆಚೆ ಬದಿ ಮೂವರು ಗುರುಗಳು, ಈಚೆ ಬದಿ ಅವಳೊಬ್ಬಳೇ. ಸಂಸಾರದ ಬಿಸಿ ಒಂದು ದಿನವೂ ತಾಗದ ಮೂವರು ಗಂಡಸರು ಅವಳ ಸಂಸಾರವನ್ನು ಕೆದಕತೊಡಗಿದರು. ಗಂಡನಿಗೆ ಅಡುಗೆ ಮಾಡಿ ಬಡಿಸುತ್ತಿದ್ದಿರಾ? ಮೊದಲ ರಾತ್ರಿ ಹೆದರಿದ್ದಿರಾ? ಎಷ್ಟು ಹೆದರಿದ್ದಿರಿ? ಒಬ್ಬ ಚಿಕ್ಕ ವಯಸ್ಸಿನವನು ಕಿವಿ ಕೆಂಪಗೆ ಮಾಡಿಕೊಂಡು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಹಲ್ಲಕ್ಕ ಸೆರಗು ಎಳೆದುಕೊಂಡಳು. ಮೈಮೇಲೆ ಹುಳ ಹರಿದಂತಾಗುತ್ತಿತ್ತು.

"ಮದುವೆ ದಿನ ಬೆಳಿಗ್ಗೆ ನೀವು ತುಂಬಾ ಅತ್ತಿರಂತೆ?" ದೊಡ್ಡ ಫಾದರ್ ಕೇಳಿದರು.

"ಅತ್ತೆ ಫಾದರ್. ಅಪ್ಪ ತೀರ್ಕೊಂಡು ವರ್ಷ ಆಗಿರ್ಲಿಲ್ಲ. ನನ್ನ ಕೈ ಹಿಡ್ದು ಚರ್ಚೊಳಗೆ ಕರ್ಕೊಂಡು ಬರೋಕೆ ಅವ್ರಿಲ್ವಲ್ಲ ಅಂತ ಅತ್ತೆ."

"ನಿಮ್ಮ ತಾಯಿ ಹಾಗೆ ಹೇಳಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. "ನಮ್ಮಮ್ಮ? ಅಮ್ಮ ಇಲ್ಲಿಗೆ ಬಂದಿದ್ರಾ?"

"ಶನಿವಾರ ಬಂದು ಸಾಕ್ಷಿ ಹೇಳಿದಾರೆ. ಹುಡುಗಿಗೆ ಇನ್ನೂ ಮಗುಬುದ್ಧಿ, ಏನು ಮಾಡ್ತಿದೀನಿ ಅಂತ್ಲೇ ಗೊತ್ತಿಲ್ದೆ ಅಳ್ತಿದ್ಳು ಅಂದಿದಾರೆ." ಶನಿವಾರ, ಸಾಕ್ಷಿ ಎನ್ನುವಾಗ ಅವರ ಬಾಯಿಂದ ಸಣ್ಣ ಸಿಳ್ಳೆ ಹೊರಟಿತು. ಹೊಸ ಸೆಟ್ಟು ಇನ್ನೂ ಒಗ್ಗಿರಲಿಲ್ಲ. ಮೇಲಿನ ಮುಂದಿನ ಹಲ್ಲು ಕೂದಲೆಳೆಯಷ್ಟು ಹಿಂದೆ ಸರಿಯಬೇಕಿತ್ತು ಎಂದು ಅಭ್ಯಾಸಬಲದಿಂದ ಅವಳ ತಲೆಗೆ ಹೊಳೆಯಿತು. ಮರುಕ್ಷಣವೇ ಹೇಸಿಗೆಯಾಯಿತು. ತನ್ನ ಕೈಯಾರೆ ಕೂರಿಸಿದ ಹಲ್ಲುಗಳು ತನ್ನ ಬದುಕನ್ನು ಅಗಿದು ಉಗುಳುತ್ತಿವೆ ಎನಿಸಿತು. ಮೇಜಿನ ಮೇಲೆ ತನಗಿಟ್ಟಿದ್ದ ನೀರಿನ ಲೋಟವನ್ನು ಆಚೆ ತಳ್ಳಿದಳು.

ತಾಯಿ ಇದ್ದದ್ದು ಅವಳ ಮನೆಯಲ್ಲೇ. ಹಲ್ಲಕ್ಕ ಮನೆಗೆ ಬಂದಾಗ ಅಡುಗೆಮನೆಯ ಮಣೆಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ಕುತ್ತಿಗೆಯಲ್ಲಿ ಜಪಸರ.

"ಶನಿವಾರ ಮಂಡಿನೋವಿನ ಡಾಕ್ಟ್ರ ಹತ್ರ ಹೋಗಿದ್ದೆ ಅಂದ್ಯಲ್ಲಮ್ಮ?"

ತಾಯಿ ತಲೆ ಎತ್ತಲಿಲ್ಲ. "ದೊಡ್ಡ ಫಾದರ್ರೇ ಕಾರು ಕಳಿಸಿದ್ರು ಕಣೇ. ಅಂಥೋರು ಕರೆದ್ರೆ ಇಲ್ಲ ಅನ್ನಕ್ಕಾಗತ್ತಾ?"

"ಕರೆದ್ರೆ ಹೋಗು. ಸುಳ್ಳು ಹೇಳು ಅಂತಾನೂ ಅಂದ್ರಾ?"

"ಸುಳ್ಳಲ್ವೇ. ಅವ್ರು ಹೀಗಿತ್ತಾ ಅಂತ ಕೇಳಿದ್ರು, ನಾನು ಹ್ಞೂಂ ಅಂದೆ. ಇದ್ರಿಂದ ಇಬ್ರಿಗೂ ಬಿಡುಗಡೆ ಅಂದ್ರು. ಚರ್ಚು ನಮ್ಮೆಲ್ಲರ ತಾಯಿ, ಅದ್ರ ಮಾತು ಮೀರಬಾರ್ದು ಅಂದ್ರು."

"ನಾನು ಯಾಕೆ ಅತ್ತೆ ಅಂತ ನಿಂಗೊತ್ತಿತ್ತು. ನೀನೇ ಅಪ್ಪನ ಕೋಟು ತಂದು ನನ್ನ ಮಡಿಲಲ್ಲಿಟ್ಟೆ."

ತಾಯಿ ಒಳ್ಳೆ ಎಲೆ ಯಾವುದು, ಕೊಳೆತದ್ದು ಯಾವುದು ನೋಡದೆ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕುತ್ತಿದ್ದಳು. ಹಲ್ಲಕ್ಕ ಅಲ್ಲಿ ನಿಲ್ಲಲಾರದೆ ಹೊರಗೆ ಹೋದಳು.

ತೀರ್ಪು ಬಂತು. ಹೇಳಲು ಊರ ಚರ್ಚಿನ ಫಾದರ್ ಮನೆಗೇ ಬಂದರು. ಒಳ್ಳೆಯ ಮನುಷ್ಯ ಎಂದು ಹೆಸರಿದ್ದವರು. ಯಾರಿಗೂ ಕೆಟ್ಟವರಾಗದೆ ಒಳ್ಳೆಯವರಾಗಿ ಉಳಿದವರು. ಮದುವೆ ಆಗಿರಲಿಲ್ಲವೆಂದು ಸಾಬೀತಾಗಿದೆ, ಇನ್ನು ನೀವೂ ಸ್ವತಂತ್ರರು, ಬೇಕಾದರೆ ಮದುವೆಯಾಗಬಹುದು ಎಂದು ಸಿಹಿಸುದ್ದಿ ಹೇಳುವವರಂತೆ ಹೇಳಿದರು.

ಮಗಳು ಬಾಗಿಲಿಗೊರಗಿ ನಿಂತಿದ್ದಳು. "ಹಾಗಾದ್ರೆ ನಾನು ಯಾರು ಫಾದರ್?"

"ನೀನು ಸಕ್ರಮ ಸಂತಾನವೇ ಮಗು. ಕಾನೂನಲ್ಲಿ ಸ್ಪಷ್ಟ ಇದೆ."

"ಮದುವೆ ಇಲ್ಲ, ಮಗಳು ಮಾತ್ರ ಸಕ್ರಮ. ಮರ ಇಲ್ದೆ ಹಣ್ಣು. ಚೆನ್ನಾಗಿದೆ" ಎಂದು ಅವಳು ಒಳಗೆ ಹೋದಳು.

ಹಲ್ಲಕ್ಕ ಕೇಳಿದಳು, "ಫಾದರ್, ಗಂಡ ಬಿಟ್ಟುಹೋದ ಅಂದ್ರೆ ನಾನು ತಡ್ಕೊಂಡೆ. ನಿಮ್ಮ ಮದುವೆ ಮುರೀತು ಅನ್ನಿ, ಹೌದು ಅಂತೀನಿ. ನಡೆದಿದ್ದನ್ನ ನಡೀಲೇ ಇಲ್ಲ ಅನ್ನೋ ಅಧಿಕಾರ ನಿಮಗೆ ಎಲ್ಲಿಂದ ಬಂತು?"

"ಪ್ರಭು ತಮ್ಮ ಶಿಷ್ಯ ಪೇತ್ರನಿಗೆ ಸ್ವರ್ಗದ ಬೀಗದ ಕೈ ಕೊಟ್ಟರಲ್ಲಮ್ಮ. ಇಲ್ಲಿ ಕಟ್ಟಿದ್ದು ಅಲ್ಲೂ ಕಟ್ಟಿದ ಹಾಗೆ, ಇಲ್ಲಿ ಬಿಚ್ಚಿದ್ದು ಅಲ್ಲೂ ಬಿಚ್ಚಿದ ಹಾಗೆ."

"ಬಿಚ್ಚೋಕಾದ್ರೂ ಮೊದಲು ಕಟ್ಟಿರ್ಬೇಕಲ್ಲ? ನೀವು ಕಟ್ಟೇ ಇರ್ಲಿಲ್ಲ ಅಂತಿದೀರಿ."

ಫಾದರ್ ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. "ಇವೆಲ್ಲ ನಮ್ಮ ನಿಮ್ಮ ತಲೆಗೆ ಮೀರಿದ್ದು. ದೊಡ್ಡೋರು ತೀರ್ಮಾನ ಮಾಡಿದ್ಮೇಲೆ ವಿಧೇಯತೆಯೇ ಪ್ರಾರ್ಥನೆ." ಎದ್ದು ಚಪ್ಪಲಿ ಮೆಟ್ಟುತ್ತ, ಆಗ ನೆನಪಾದವರಂತೆ ಸೇರಿಸಿದರು: "ಹಾಂ, ಅವರ ಮದುವೆ ನಮ್ಮ ಚರ್ಚಲ್ಲೇ. ಗಾನವೃಂದ ಹಾಡ್ಬೇಕು. ನೀವೇ ಹಾಡಿಸಿದ್ರೆ ಊರಿಗೆ ಒಳ್ಳೇ ಮಾದರಿ. ಬಿಷಪ್ಪರೂ ಅದನ್ನೇ ಬಯಸ್ತಾರೆ."

ಅವರು ಹೋದ ಮೇಲೆ ಹಲ್ಲಕ್ಕ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡಳು.

ಮುಂದಿನ ಭಾನುವಾರ ಅವಳು ಎಂದಿನಂತೆ ಅಟ್ಟ ಹತ್ತಿದಳು. ಪೂಜೆಯ ಕೊನೆಗೆ ಫಾದರ್ ಮದುವೆಯ ಪ್ರಕಟಣೆ ಓದಿದರು. ವಕೀಲನ ಹೆಸರು, ಅವನ ತಂದೆತಾಯಿಯ ಹೆಸರು, ಹುಡುಗಿಯ ಹೆಸರು. ಕೊನೆಗೆ ಎಂದಿನ ಮಾತು: ಈ ಮದುವೆಗೆ ಏನಾದರೂ ಅಡ್ಡಿ ಇರುವುದು ಯಾರಿಗಾದರೂ ತಿಳಿದಿದ್ದರೆ ಅದನ್ನು ತಿಳಿಸುವುದು ಅವರ ಕರ್ತವ್ಯ.

"ನಂಗೆ ತಿಳಿದಿದೆ" ಎಂದಳು ಹಲ್ಲಕ್ಕ. ಹಾಡಿ ಪಳಗಿದ ಗಂಟಲು, ಮೈಕು ಬೇಕಿರಲಿಲ್ಲ.

ಎಲ್ಲ ತಲೆಗಳೂ ಮೇಲಕ್ಕೆ ತಿರುಗಿದವು.

"ಅವರಿಗೆ ಆಗ್ಲೇ ಮದುವೆ ಆಗಿದೆ. ಇದೇ ಪೀಠದ ಮುಂದೆ. ನಿಮ್ಮಲ್ಲಿ ಅರ್ಧ ಜನ ಬಂದು ಉಂಡು ಹೋಗಿದೀರಿ. ಆಗಿಲ್ಲ ಅಂತ ನಿಮಗ್ಯಾರಿಗಾದ್ರೂ ಅನ್ಸಿದ್ರೆ ಈಗ ಹೇಳಿ."

ಅವಳ ಪಕ್ಕದ ಮನೆಯವಳು, ಅವಳ ಮದುವೆಯಲ್ಲಿ ಹೂ ಹಿಡಿದು ನಿಂತಿದ್ದವಳು, ಕಾಲಬಳಿ ಏನೋ ಬಿದ್ದಂತೆ ಬಗ್ಗಿ ಹುಡುಕತೊಡಗಿದಳು. ಫಾದರ್ ಅಟ್ಟದ ಕಡೆ ಕೈಸನ್ನೆ ಮಾಡಿದರು, ಅವಳಿಗಲ್ಲ, ಅವಳ ಪಕ್ಕದಲ್ಲಿ ಕೂತಿದ್ದ ಹಾರ್ಮೋನಿಯಂ ಮೇಷ್ಟ್ರಿಗೆ. ಎಷ್ಟೋ ವರ್ಷ ಅವಳ ಜೊತೆ ನುಡಿಸಿದ್ದ ಮೇಷ್ಟ್ರು ಅವಳ ಮುಖ ನೋಡಿದರು, ಕಣ್ಣು ತಗ್ಗಿಸಿದರು, ಆಮೇಲೆ ಮುಕ್ತಾಯದ ಹಾಡು ಶುರು ಮಾಡಿದರು. ಜನ ಎದ್ದು ನಿಂತರು. ಒಬ್ಬರು, ಹತ್ತು ಜನ, ಎಲ್ಲರೂ. ಬಾಯಿ ತೆರೆದು ಹಾಡಿದರು. ಅವಳೇ ಕಲಿಸಿದ ಹಾಡು. ಮೇಲಿನಿಂದ ನೋಡಿದರೆ ನೂರಾರು ಬಾಯಿಗಳು ಒಟ್ಟಿಗೆ ತೆರೆದು ಮುಚ್ಚುತ್ತಿದ್ದವು. ಮೂರನೇ ಸಾಲಿನಲ್ಲಿ ಅವಳ ತಾಯಿಯೂ ನಿಂತು ಹಾಡುತ್ತಿದ್ದಳು.

ಹಲ್ಲಕ್ಕ ಮೆಟ್ಟಿಲಿಳಿದು ಹೊರಗೆ ನಡೆದಳು. ಬೆರಳದ್ದಿ ಶಿಲುಬೆಯ ಗುರುತು ಹಾಕಿಕೊಳ್ಳಲು ಬಾಗಿಲಿನ ತೀರ್ಥದ ಬಟ್ಟಲಿಗೆ ಕೈ ತಾನಾಗಿ ಹೋಯಿತು. ಮುಟ್ಟುವ ಮೊದಲೇ ಹಿಂದಕ್ಕೆಳೆದುಕೊಂಡಳು.

ಮದುವೆ ನಡೆಯಿತು. ಹಾಡಲು ಬೇರೆ ಊರಿನ ಗಾನವೃಂದ ಬಂದಿತ್ತಂತೆ. ದೊಡ್ಡ ಫಾದರ್ರೇ ನಿಂತು ಮಾಡಿಸಿದರಂತೆ. ಆ ವಾರ ಹಲ್ಲಕ್ಕ ಚರ್ಚಿನ ಕಚೇರಿಗೆ ಹೋಗಿ, ತಾನು ಇನ್ನು ಈ ಧರ್ಮಸಭೆಯವಳಲ್ಲ, ಕೂಸುಗಳನ್ನು ಚರ್ಚಿಗೆ ಸೇರಿಸಿಕೊಳ್ಳುವ ಜ್ಞಾನಸ್ನಾನದ ಪುಸ್ತಕದಿಂದ ತನ್ನ ಹೆಸರು ತೆಗೆಯಿರಿ ಎಂದು ಕೇಳಿದಳು. ಫಾದರ್ ಗಾಬರಿಯಾಗಿ ಕುರ್ಚಿಯಿಂದ ಎದ್ದರು.

"ಅದಾಗಲ್ಲಮ್ಮ. ಬೇಕಾದ್ರೆ ಪಕ್ಕದಲ್ಲಿ ಬಿಟ್ಟುಹೋದ್ರು ಅಂತ ಬರೀಬಹುದು. ಜ್ಞಾನಸ್ನಾನ ಅಳಿಸೋಕಾಗಲ್ಲ."

"ಯಾಕೆ? ನಂಗಾಗ ತಿಂಗಳೂ ತುಂಬಿರ್ಲಿಲ್ಲ. ತಿಳಿವಳಿಕೆ ಬಲಿತಿತ್ತಾ?"

"ಅದು ಬೇರೆ. ಅದು ಆಗಿಹೋಗಿದೆ. ಆಗಿದ್ದನ್ನ ಆಗಿಲ್ಲ ಅನ್ನೋಕೆ ಪೋಪರಿಗೂ ಬರಲ್ಲ."

ಹೇಳಿ ಮುಗಿಸಿದ ಮೇಲೆ ತಾವೇನು ಹೇಳಿದೆವೆಂದು ಅವರಿಗೂ ಹೊಳೆದಿರಬೇಕು; ಬಾಯಿ ಅರ್ಧ ತೆರೆದೇ ಉಳಿಯಿತು. ಹಲ್ಲಕ್ಕನಿಗೆ ನಗು ಉಕ್ಕಿ ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ. ಆ ನಗುವಿನಲ್ಲಿ ಸಂತೋಷ ಒಂದು ಹನಿಯೂ ಇರಲಿಲ್ಲ. "ಬರ್ಕೊಳ್ಳಿ ಫಾದರ್, ಬಿಟ್ಟುಹೋದ್ಳು ಅಂತ" ಎಂದು ಹೊರಬಂದಳು.

ಮತ್ತೆ ಅವಳು ಆ ಕಡೆ ಕಾಲಿಡಲಿಲ್ಲ. ಬೇರೆ ಯಾವ ಸಭೆಗೂ ಸೇರಲಿಲ್ಲ. ಇನ್ನೊಂದು ಚರ್ಚಿನವರು ಎಲ್ಲಿಂದಲೋ ವಾಸನೆ ಹಿಡಿದು ಕರಪತ್ರ ಹಿಡಿದುಕೊಂಡು ಬಂದಾಗ, "ನಿಮ್ಮಲ್ಲೂ ದೊಡ್ಡೋರು ಇದಾರಾ?" ಎಂದು ಕೇಳಿ, ಇದ್ದಾರೆ ಎಂದದ್ದಕ್ಕೆ ಬಾಗಿಲು ಹಾಕಿದಳು. ದೊಡ್ಡ ಫಾದರ್ ಸೆಟ್ಟಿನ ಸಿಳ್ಳೆ ಸರಿಮಾಡಿಸಲು ಕ್ಲಿನಿಕ್ಕಿಗೆ ಬಂದಾಗ, ಅದನ್ನು ಬೇರೆಯವರಿಂದ ಮಾಡಿಸಿ ಎಂದು ಡಾಕ್ಟರಿಗೆ ಹೇಳಿದಳು. ಡಾಕ್ಟರು ಅದನ್ನು ಬೇರೆ ಕಡೆ ಕಳಿಸಿದರು.

ದೇವರಿದ್ದಾನೆಯೇ ಎಂದು ಮಗಳು ಒಮ್ಮೆ ಕೇಳಿದಳು. "ಇದ್ರೆ ಅವನ ಮೇಲೆ ನಂಗೇನೂ ಸಿಟ್ಟಿಲ್ಲ. ಅವನ ಮನೆ ಕಾಯೋರನ್ನ ಕಂಡ್ರೆ ಆಗಲ್ಲ, ಅಷ್ಟೇ" ಎಂದಳು.

ತಾಯಿಯ ಜೊತೆ ಮಾತು ಅಗತ್ಯಕ್ಕೆ ತಕ್ಕಷ್ಟೇ ಉಳಿಯಿತು. ಮಾತ್ರೆ ತಗೊಂಡ್ಯಾ, ಸ್ನಾನಕ್ಕೆ ನೀರು ಕಾದಿದೆ, ಇಷ್ಟೇ. ಮುದುಕಿ ಪ್ರತಿ ಭಾನುವಾರ ಕುಂಟುತ್ತ ಚರ್ಚಿಗೆ ಹೋಗಿ ಬರುತ್ತಿದ್ದಳು. ಒಂದು ಭಾನುವಾರ ಬೇಗನೆ ಹಿಂದಿರುಗಿ, ಊಟಕ್ಕೆ ಕೂತವಳು ತಟ್ಟೆ ಮುಟ್ಟದೆ ಹೇಳಿದಳು: "ಪಾಪನಿವೇದನೆ ಮಾಡ್ಕೊಂಡೆ ಕಣೇ. ಮಗಳ ಮೇಲೆ ಸುಳ್ಳು ಸಾಕ್ಷಿ ಹೇಳ್ದೆ ಅಂತ."

ಹಲ್ಲಕ್ಕ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಳಿಸಿದಳು.

"ಅದು ಪಾಪಾನೇ ಅಲ್ಲ ಅಂದ್ರು ಫಾದರ್. ಗುರುಗಳ ಮಾತಿಗೆ ವಿಧೇಯಳಾಗಿ ಹೇಳಿದ್ದು, ಅದಕ್ಕೆ ಕ್ಷಮೆ ಬೇಕಾಗಿಲ್ಲ, ಹೋಗಮ್ಮ ಅಂದ್ರು."

ಹಲ್ಲಕ್ಕ ತಟ್ಟೆ ಸರಿಸಿ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು. ಆ ತಾಯಿಗೆ ತನ್ನ ತಪ್ಪನ್ನು ತಪ್ಪೆಂದು ಹೇಳಿಕೊಳ್ಳುವಷ್ಟು ಜಾಗವನ್ನೂ ಅವರು ಬಿಟ್ಟಿರಲಿಲ್ಲ.

"ಪಾಪ ಅಲ್ಲಾಂದ್ರೆ ಇದೇನೇ ಮತ್ತೆ, ಇಲ್ಲಿ ಕೂತಿರೋದು?" ಮುದುಕಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ನಂಗೆ ನಿದ್ದೆ ಬರಲ್ಲ."

"ಪಾಪಾನೇ ಅಮ್ಮ" ಎಂದಳು ಹಲ್ಲಕ್ಕ, ತಿರುಗದೆ. "ದೊಡ್ಡ ಪಾಪ."

ತಾಯಿ ನೀರಿನ ಲೋಟ ಎತ್ತಿ ಒಂದು ಗುಟುಕು ಕುಡಿದಳು. ಆಮೇಲೆ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಅಳುತ್ತ ಊಟ ಮಾಡತೊಡಗಿದಳು.